ಸಣ್ಣ ಮೋಟಾರು ದೋಣಿ ಇಟ್ಕೊಂಡು ಚಂದ್ರಗಿರಿ ಹೊಳೆ ಸುತ್ತುದು ಹೇಗೆ

ದೋಣಿ ಉಂಟು ಅಂತ ಹೇಳಿದ ಕೂಡ್ಲೇ ಜನ ಕೇಳುದು ಒಂದೇ, ಎಷ್ಟು ಸ್ಪೀಡ್ ಹೋಗ್ತದೆ ಅಂತ. ನನ್ನದು 14 ಅಡಿಯ ಫೈಬರ್ ದೋಣಿ, ಹಿಂದೆ 9.9 ಎಚ್‌ಪಿಯ ಟೂ ಸ್ಟ್ರೋಕ್ ಇಂಜಿನ್, ಸ್ಪೀಡ್ ಹೋಗ್ತದೆ ಬೇಕಾದ್ರೆ, ಆದ್ರೆ ನಾನು ಅದನ್ನು ಅರ್ಧದ ಮೇಲೆ ತಿರುಗಿಸುದು ವರ್ಷಕ್ಕೆ ನಾಲ್ಕೈದು ಸಲ ಇರ್ಬಹುದು ಅಷ್ಟೆ. ಕಾಸರಗೋಡಲ್ಲಿ ಮನೆ, ಹತ್ತಿರ ಹೊಳೆ, ಆದಿತ್ಯವಾರ ರಜೆ, ಇಷ್ಟಿದ್ರೆ ಸಣ್ಣ ದೋಣಿ ಇಟ್ಕೊಳ್ಳುವಷ್ಟು ಸುಖ ಬೇರೆ ಯಾವ್ದರಲ್ಲೂ ಇಲ್ಲ ಅಂತ ನಾನು ಎಲ್ಲರಿಗೂ ಹೇಳ್ತಾ ಇರ್ತೇನೆ. ಆದ್ರೆ ಒಂದು ವಿಷಯ ಮೊದಲೇ ಗೊತ್ತಿರ್ಬೇಕು, ಹೊಳೆ ನೀರಿಗೆ ಅದರದ್ದೇ ಟೈಮ್ ಉಂಟು, ಆ ಟೈಮಿಗೆ ನಾವು ಹೊಂದಿಕೊಂಡ್ರೆ ಖುಷಿ, ಇಲ್ಲದಿದ್ರೆ ಪೆಟ್ರೋಲೂ ದಂಡ ಮೈಕೈ ನೋವೂ ಫ್ರೀ.

ದೋಣಿ ತೆಗೊಳ್ಳುವಾಗ ತಳ ಚಪ್ಪಟೆ ಇರುವಂಥದ್ದು ನೋಡಿ. ನಮ್ಮ ಹೊಳೆಗಳಲ್ಲಿ, ಚಂದ್ರಗಿರಿ ಇರ್ಲಿ ಶಿರಿಯಾ ಇರ್ಲಿ ಮೊಗ್ರಾಲ್ ಇರ್ಲಿ, ಹೊಯಿಗೆ (ಮರಳು) ಎಲ್ಲಿ ಬಂದು ಬಿದ್ದಿರ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ, ಮಳೆಗಾಲ ಕಳ್ದು ಹೋದ್ರೆ ಹೋದ ವರ್ಷದ ದಾರಿ ಈ ವರ್ಷ ಇಲ್ಲ, ಹಾಗಾಗಿ ಒಂದಡಿ ನೀರಲ್ಲೂ ತೇಲುವ ದೋಣಿ ಬೇಕು. ಹಿಂದಿನ ಹಲಗೆಯ ಎತ್ತರ ಅಳತೆ ಮಾಡಿ ಇಂಜಿನ್ ತೆಗೊಳ್ಳಿ, 15 ಇಂಚಿದ್ರೆ ಶಾರ್ಟ್ ಶಾಫ್ಟ್, 20 ಇಂಚಿದ್ರೆ ಲಾಂಗ್ ಶಾಫ್ಟ್. ಇದು ತಪ್ಪಿದ್ರೆ ಒಂದಾ ಪ್ರೊಪೆಲ್ಲರ್ ಗಾಳಿ ಕುಡೀತದೆ, ಇಲ್ಲ ಹೊಯಿಗೆ ಅಗೀತದೆ.

ಸೆಕೆಂಡ್ ಹ್ಯಾಂಡ್ ಇಂಜಿನ್ ಆದ್ರೆ ಮಾರುವವರ ಮಾತು ನಂಬಿ ಕೂತ್ಕೊಳ್ಳಬೇಡಿ. ನನಗೆ ಕೊಟ್ಟವರು ಎಲ್ಲ ಸರ್ವಿಸ್ ಆಗಿದೆ ಅಂತ ಹೇಳಿದ್ರು, ಎರಡನೇ ವಾರವೇ ರೈಲ್ವೆ ಸೇತುವೆಯ ಹತ್ರ ಇಂಜಿನ್ ಬಿಸಿಯಾಗಿ ನಿಂತಿತು, ಹುಟ್ಟು ಹಾಕಿ ದಡಕ್ಕೆ ಬಂದದ್ದು. ಬಿಚ್ಚಿ ನೋಡಿದ್ರೆ ಒಳಗೆ ನೀರು ಎಳೆಯುವ ರಬ್ಬರಿನ ಇಂಪೆಲ್ಲರ್ ಉಂಟಲ್ಲ, ಅದರ ಎಸಳುಗಳು ಒಂದೇ ಬದಿಗೆ ಮಡಚಿ ಗಟ್ಟಿ ಆಗಿ ಕೂತಿದ್ದಾವೆ, ಬೆರಳಲ್ಲಿ ಒತ್ತಿದ್ರೆ ವಾಪಸ್ ಬರುದೇ ಇಲ್ಲ. ತಾಗಿದ ಖರ್ಚು ಸಣ್ಣದು, ಆದ್ರೆ ಅದು ಹೊಳೆ ಕಡಲು ಸೇರುವ ಅಳಿವೆಯ ಹತ್ರ ಆಗಿದ್ರೆ ಕತೆ ಬೇರೆ ಇತ್ತು. ಈಗ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಹೊಸದು ಹಾಕಿಸಿಯೇ ದೋಣಿ ನೀರಿಗೆ ಇಳಿಸುದು.

ಕಾಗದಪತ್ರ ಬೇಗ ಹೇಳಿ ಮುಗಿಸ್ತೇನೆ. ಮೋಟಾರು ಇರುವ ದೋಣಿಗೆ 2021ರ ಒಳನಾಡು ನೌಕೆಗಳ ಕಾಯ್ದೆ ಉಂಟು, ಕೇರಳದಲ್ಲಿ ಇದನ್ನು ನೋಡಿಕೊಳ್ಳುದು ಮಾರಿಟೈಂ ಬೋರ್ಡ್. ದೋಣಿ ತೆಗೊಳ್ಳುವ ಮೊದಲೇ ಪೋರ್ಟ್ ಆಫೀಸಿಗೆ ಹೋಗಿ ನಿಮ್ಮ ಸೈಜಿನ ದೋಣಿಗೆ ರಿಜಿಸ್ಟ್ರೇಷನ್, ಸರ್ವೆ, ಇನ್ಶೂರೆನ್ಸ್, ಓಡಿಸುವವರ ಲೈಸೆನ್ಸ್ ಎಂಥೆಲ್ಲ ಬೇಕು ಅಂತ ಕೇಳಿ ಬರೆದುಕೊಂಡು ಬನ್ನಿ. ಮಲಯಾಳ ಓದ್ಲಿಕ್ಕೆ ಬಾರದಿದ್ರೆ ಬರುವವರೊಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ, ಅರ್ಧ ದಿನ ಉಳೀತದೆ.

ಇನ್ನು ನೀರಿನ ಟೈಮ್, ಇದನ್ನು ಸ್ವಲ್ಪ ಸಮಾಧಾನದಲ್ಲಿ ಹೇಳ್ಬೇಕು. ನಮ್ಮ ಕಡಲಲ್ಲಿ ದಿನಕ್ಕೆ ಎರಡು ಸಲ ಉಬ್ಬರ ಎರಡು ಸಲ ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದ್ರೆ ಇವತ್ತು ಬೆಳಿಗ್ಗೆ 7ಕ್ಕೆ ನೀರು ತುಂಬಿದ್ರೆ ನಾಳೆ 7 ಮುಕ್ಕಾಲರ ಮೇಲೆ. ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ನೀರು ಜೋರು, ತುಂಬುದೂ ಜಾಸ್ತಿ ಖಾಲಿ ಆಗುದೂ ಜಾಸ್ತಿ, ಅಷ್ಟಮಿಯ ಆಚೀಚೆ ಸಪ್ಪೆ. ಹಾಗಾಗಿ ಗೋಡೆಯಲ್ಲಿ ನೇತು ಹಾಕಿದ ಕ್ಯಾಲೆಂಡರಿನ ತಿಥಿ ನೋಡಿದ್ರೆ ಅರ್ಧ ಲೆಕ್ಕ ಆಯ್ತು, ಉಳಿದ ಅರ್ಧಕ್ಕೆ ಫೋನಲ್ಲಿ ಟೈಡ್ ಟೇಬಲ್ ಸಿಗ್ತದೆ. ಆದ್ರೆ ಅದರಲ್ಲಿ ಇರುದು ಕಡಲಿನ ಟೈಮ್, ಹೊಳೆಯ ಒಳಗೆ ಹೋದ ಹಾಗೆ ತಡ ಆಗ್ತದೆ, ನಿಮ್ಮ ಕಡವಿಗೆ ಎಷ್ಟು ತಡ ಅಂತ ನೀವೇ ಒಂದು ಗೂಟ ಊರಿ ಗುರ್ತು ಹಾಕಿ ನಾಲ್ಕು ದಿನ ನೋಡಿದ್ರೆ ಗೊತ್ತಾಗ್ತದೆ.

ಇಷ್ಟು ಗೊತ್ತಾದ ಮೇಲೆ ಹೋಗುವ ಕ್ರಮ ಸುಲಭ. ನೀರು ಏರ್ಲಿಕ್ಕೆ ಶುರುವಾಗಿ ಒಂದು ಗಂಟೆ ಆದ ಮೇಲೆ ಹೊರಟು ಮೇಲಕ್ಕೆ ಹೋಗಿ, ತುಂಬಿ ನಿಂತಾಗ ಲಂಗರು ಹಾಕಿ ತಿಂಡಿ ತಿನ್ನಿ, ಇಳಿಲಿಕ್ಕೆ ಸುರು ಆದ ಕೂಡ್ಲೇ ಅದರ ಒಟ್ಟಿಗೇ ವಾಪಸ್ ಬನ್ನಿ. ಹೋಗುವಾಗಲೂ ನೀರು ನೂಕ್ತದೆ ಬರುವಾಗಲೂ ನೀರು ನೂಕ್ತದೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದು ಉಂಟು, ಏರುವ ನೀರಲ್ಲಿ ದೋಣಿ ಹೊಯಿಗೆಗೆ ಕೂತ್ರೆ ಹತ್ತು ನಿಮಿಷ ಸುಮ್ಮನೆ ಕೂತ್ಕೊಳ್ಳಿ, ಅದೇ ಎದ್ದು ತೇಲ್ತದೆ. ಇಳಿಯುವ ನೀರಲ್ಲಿ ಕೂತ್ರೆ ಮುಗೀತು.

ನನಗೆ ಇದು ಗೊತ್ತಾದದ್ದು ಒಂದು ವಿಷುವಿನ ರಜೆಯಲ್ಲಿ. ಹೆಂಡತಿ, ಭಾವ, ಇಬ್ಬರು ಮಕ್ಕಳು, ಚೆಮ್ನಾಡ್ ಕಡೆಯ ಒಂದು ಹೊಯಿಗೆ ದಿಬ್ಬದ ಬದಿಯಲ್ಲಿ ಚಾ ಕುಡಿಯುವ ಅಂತ ನಿಲ್ಲಿಸಿದ್ದು, ಮಕ್ಕಳು ಇಳಿದು ಆಡ್ತಾ ಇದ್ರು, ಅರ್ಧ ಗಂಟೆ ಆಗಿರ್ಬಹುದು, ನೋಡ್ತೇನೆ ದೋಣಿಯ ಎದುರು ಭಾಗ ಒಣ ನೆಲದಲ್ಲಿ. ನಾನು ಭಾವ ಇಬ್ಬರೂ ಸೇರಿ ನೂಕಿದ್ರೂ ಒಂದಿಂಚು ಅಲುಗ್ಲಿಲ್ಲ. ಅಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಮರುವಾಯಿ (ತಿನ್ನುವ ಚಿಪ್ಪು) ಹೆಕ್ತಾ ಇದ್ದ ಇಚ್ಚ (ಅಣ್ಣ ಅಂತ ಕರೆಯುದು ಹಾಗೆ) ಒಬ್ಬರು ನೋಡಿ, ನೂಕಬೇಡಿ ಸಾರ್, ತಳ ಹರೀತದೆ, ಇನ್ನು ನೀರು ಬರುದು ಬೈಸಾರಿಗೇ (ಸಂಜೆಗೇ) ಅಂತ ಹೇಳಿದ್ರು. ಏಪ್ರಿಲ್ ತಿಂಗಳ ಬಿಸಿಲು, ನೆರಳು ಇಲ್ಲ, ಇದ್ದದ್ದು ಎರಡು ಬಾಟ್ಲಿ ನೀರು, ಸಣ್ಣವನಿಗೆ ಸಂಜೆ ಜ್ವರ ಬಂತು. ಆ ಇಚ್ಚ ತಮ್ಮ ತೋಣಿಯಲ್ಲಿ ಹೆಂಡತಿಯನ್ನು ಮಕ್ಕಳನ್ನು ದಡಕ್ಕೆ ಬಿಟ್ಟು ಬಂದ್ರು, ದುಡ್ಡು ಕೊಡ್ಲಿಕ್ಕೆ ಹೋದ್ರೆ ತೆಗೊಳ್ಳಲಿಲ್ಲ. ಅವತ್ತಿನಿಂದ ನಾನು ಇಳಿತದಲ್ಲಿ ಎಲ್ಲೂ ದೋಣಿ ದಿಬ್ಬಕ್ಕೆ ತಾಗಿಸುದಿಲ್ಲ, ಸ್ವಲ್ಪ ದೂರ ಎರಡಡಿ ನೀರಲ್ಲಿ ಲಂಗರು ಹಾಕಿ ನಡ್ಕೊಂಡು ಹೋಗುದು, ಮತ್ತೆ ದೋಣಿಯಲ್ಲಿ ಯಾವಾಗ್ಲೂ 5 ಲೀಟರಿನ ಕ್ಯಾನಿನಲ್ಲಿ ಕುಡಿಯುವ ನೀರು, ಒಂದು ದೊಡ್ಡ ಕೊಡೆ.

ಆಳ ಎಲ್ಲಿ ಅಂತ ನೋಡ್ಲಿಕ್ಕೆ ಮಿಷಿನ್ ಬೇಡ. ಹೊಳೆ ತಿರುಗುವಲ್ಲಿ ಹೊರಗಿನ ದಡದ ಬದಿ ಆಳ, ಒಳಗಿನ ಬದಿ ಹೊಯಿಗೆ. ಬೆಳ್ಳಕ್ಕಿ ನಿಂತಿದೆ ಅಂತಾದ್ರೆ ಅಲ್ಲಿ ಮೊಣಕಾಲು ನೀರೂ ಇಲ್ಲ. ಸಂಶಯ ಇದ್ರೆ ಇಂಜಿನ್ ನಿಲ್ಲಿಸಿ ಜಲ್ಲೆ ಊರಿ ನೋಡಿ, ಇಲ್ಲ ಹತ್ತಿರ ಬಲೆ ಬೀಸುವವರಿದ್ರೆ ಕೇಳಿ, ಇವಿಡೆ ಆಳಮುಂಡೋ (ಇಲ್ಲಿ ಆಳ ಉಂಟಾ) ಅಂತ. ತುಳುವಲ್ಲಿ ಕೇಳಿದ್ರೂ ಕನ್ನಡದಲ್ಲಿ ಕೇಳಿದ್ರೂ ಹೊಳೆ ಬದಿಯವರು ಉತ್ತರ ಕೊಡದೆ ಇರುದಿಲ್ಲ. ಆದ್ರೆ ಅವರ ಹತ್ರ ಹೋಗುವಾಗ ನಿಧಾನ ಮಾಡಿ, ಸಣ್ಣ ತೋಣಿಯಲ್ಲಿ ನಿಂತು ಕೆಲಸ ಮಾಡುವವರಿಗೆ ನಮ್ಮ ದೋಣಿಯ ಅಲೆ ತಾಗಿದ್ರೆ ಮಗುಚಿ ಬೀಳ್ತಾರೆ, ಮರುವಾಯಿಗೆ ಮುಳುಗಿದವರ ತಲೆ ನೀರಿನ ಮೇಲೆ ಕಾಣುದೂ ಇಲ್ಲ. ನಮಗೆ ಇದು ರಜೆ, ಅವರಿಗೆ ಅನ್ನ.

ಸ್ಟಾರ್ಟ್ ಮಾಡುವ ಕ್ರಮ ಪ್ರತಿಸಲ ಒಂದೇ ಆಗಿರ್ಲಿ. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಬಿಚ್ಚಿ (ಹೆಚ್ಚಿನವರು ಮರೆಯುದು ಇದನ್ನೇ, ಹತ್ತು ನಿಮಿಷ ಓಡಿ ಇಂಜಿನ್ ಸಾಯ್ತದೆ), ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಗಟ್ಟಿ ಆಗುವವರೆಗೆ ಹಿಂಡಿ, ಗೇರ್ ನ್ಯೂಟ್ರಲ್, ಚೋಕ್ ಎಳೆದು, ಕೆಂಪು ಸುರುಳಿ ಹಗ್ಗದ ಒಂದು ತುದಿ ನಿಮ್ಮ ಕೈಗೆ ಕಟ್ಟಿ, ನೀವು ಆಯತಪ್ಪಿ ಬಿದ್ರೆ ಇಂಜಿನ್ ಅಲ್ಲಿಗೇ ಆಫ್ ಆಗ್ಲಿಕ್ಕೆ ಇರುದು ಅದು. ಆಮೇಲೆ ಸ್ಟಾರ್ಟರಿನ ಹಗ್ಗ ಎಳೀರಿ. ಸ್ಟಾರ್ಟ್ ಆದ ಕೂಡ್ಲೇ ಹಿಂದೆ ತಿರುಗಿ ಇಂಜಿನಿನ ಬದಿಯಿಂದ ಸಣ್ಣ ನೀರಿನ ಧಾರೆ ಚಿಮ್ತಾ ಉಂಟಾ ನೋಡಿ, ಬೆರಳಿಟ್ಟು ನೋಡಿ, ಮೊದಲು ತಣ್ಣಗೆ ಆಮೇಲೆ ಬೆಚ್ಚಗೆ ಇರ್ಬೇಕು. ಧಾರೆ ಇಲ್ಲದಿದ್ರೆ ಆ ಕ್ಷಣ ಆಫ್ ಮಾಡಿ, ಒಂದು ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿ ನೀರು ಎಳೆಯುವ ತೂತು ಮುಚ್ಚಿರ್ತದೆ ಹೆಚ್ಚಾಗಿ.

ಎಣ್ಣೆ ಲೆಕ್ಕ, ನನ್ನ ಇಂಜಿನಿಗೆ 50ಕ್ಕೆ 1, ಅಂದ್ರೆ 10 ಲೀಟರ್ ಪೆಟ್ರೋಲಿಗೆ 200 ಎಂಎಲ್ ಔಟ್‌ಬೋರ್ಡ್ ಟೂಟಿ ಆಯಿಲ್, ನಿಮ್ಮದರ ಪುಸ್ತಕ ನೋಡಿ ಹಾಕಿ. ಈಗ ಪಂಪಲ್ಲಿ ಸಿಗುದು ಶೇಕಡಾ 20 ಎಥನಾಲ್ ಇರುವ ಪೆಟ್ರೋಲ್, ಅದು ಗಾಳಿಯ ತೇವ ಕುಡೀತದೆ, ನಮ್ಮ ಕರಾವಳಿಯ ತೇವ ಕೇಳ್ಬೇಕಾ, ಹಾಗಾಗಿ ಬೇಕಾದಷ್ಟೇ ತನ್ನಿ, ನೀರು ಬೇರೆ ಮಾಡುವ ಫಿಲ್ಟರ್ ಒಂದು ಪೈಪಿಗೆ ಹಾಕ್ಸಿ. ಫುಲ್ ತ್ರಾಟಲ್ ಕೊಟ್ರೆ ಗಂಟೆಗೆ 4 ಲೀಟರ್ ಹತ್ರ ಹೋಗ್ತದೆ, ನಿಧಾನಕ್ಕೆ ಹೋದ್ರೆ ಅದರ ಅರ್ಧ ಕೂಡ ಬೇಡ. ಇದ್ದ ಪೆಟ್ರೋಲಿನ ಮೂರರಲ್ಲಿ ಒಂದು ಪಾಲು ಹೋಗ್ಲಿಕ್ಕೆ, ಒಂದು ಬರ್ಲಿಕ್ಕೆ, ಒಂದು ಮುಟ್ಟದೆ ಇಡ್ಲಿಕ್ಕೆ.

ಲೈಫ್ ಜಾಕೆಟ್ ವಿಷಯದಲ್ಲಿ ನಾನು ಯಾರ ಮಾತೂ ಕೇಳುದಿಲ್ಲ, ಮನೆಯ ಹಿರಿಯರಾದ್ರೂ ಸರಿ, ಹಾಕಿದ್ರೆ ಮಾತ್ರ ದೋಣಿ ಬಿಡುದು. 2023ರ ಮೇ 7ಕ್ಕೆ ಮಲಪ್ಪುರಂ ಜಿಲ್ಲೆಯ ತಾನೂರಲ್ಲಿ ಬೋಟ್ ಮಗುಚಿ 22 ಜನ ಹೋದ್ರು, ಅದರಲ್ಲಿ ಮಕ್ಕಳೇ ಜಾಸ್ತಿ, ಜನ ಹಿಡಿಸುವುದಕ್ಕಿಂತ ಹೆಚ್ಚು ಹತ್ತಿಸಿದ್ದು. ನನ್ನ ದೋಣಿಗೆ ನಾಲ್ಕು ಜನ, ಸಣ್ಣ ಮಕ್ಕಳಾದ್ರೆ ಐದು, ಆರನೆಯವರು ಮುಂದಿನ ವಾರ. ಮಕ್ಕಳಿಗೆ ಮಕ್ಕಳ ಸೈಜಿನದ್ದೇ ಬೇಕು, ದೊಡ್ಡವರದ್ದು ಹಾಕಿದ್ರೆ ಜಾಕೆಟ್ ತೇಲ್ತದೆ ಮಗು ಕೆಳಗೆ ಜಾರ್ತದೆ. ಮತ್ತೆ ತಳಂಗರೆಯಿಂದ ಆಚೆ ಅಳಿವೆ ದಾಟಿ ಕಡಲಿಗೆ ಈ ಸೈಜಿನ ದೋಣಿ ತೆಗೊಂಡು ಹೋಗ್ಬೇಡಿ. ಇಳಿಯುವ ನೀರೂ ಕಡಲಿನ ಅಲೆಯೂ ಎದುರುಬದುರು ಆಗುವ ಜಾಗ ಅದು. ಮಾರ್ಚಿಂದ ಮೇವರೆಗೆ ಕೆಲವು ದಿನ ಇಲ್ಲಿ ಗಾಳಿಯೇ ಇಲ್ಲದೆ ಕಡಲು ಏಕ್ದಂ ಉಕ್ತದೆ, ಮಲಯಾಳದಲ್ಲಿ ಕಳ್ಳಕ್ಕಡಲ್ ಅಂತಾರೆ, ದಕ್ಷಿಣದಲ್ಲಿ ಎಲ್ಲೋ ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿ ಎಬ್ಬಿಸಿದ ಅಲೆ ಅದು, ಹೈದರಾಬಾದಿನ ಕಡಲು ಮಾಹಿತಿ ಕೇಂದ್ರ ಇನ್ಕೋಯಿಸ್‌ನವರು ಮುಂಚೆಯೇ ಎಚ್ಚರಿಕೆ ಕೊಡ್ತಾರೆ, ಹೊರಡುವ ಮೊದಲು ಅದನ್ನು ನೋಡಿ.

ಎಲ್ಲಿಗೆ ಹೋಗುದು ಅಂತ ಕೇಳಿದ್ರೆ, ಮೇಲಕ್ಕೆ. ತಳಂಗರೆ ಕಡೆಯಿಂದ ಹೊರಟು ಸೇತುವೆಗಳ ಅಡಿಯಿಂದ ನುಗ್ಗಿದ್ರೆ ತೆಂಗಿನ ತೋಟದ ಮೇಲೆ ಚಂದ್ರಗಿರಿ ಕೋಟೆ, ಶಿವಪ್ಪ ನಾಯಕರ ಕಾಲದ್ದು, ಅಲ್ಲಿಗೆ ಕಾರಲ್ಲಿ ಹತ್ತು ಸಲ ಹೋದವರೂ ಅದನ್ನು ಹೊಳೆಯಿಂದ ನೋಡಿರುದಿಲ್ಲ. ಕೋಟೆ ಇಲ್ಲಿ ಯಾಕೆ ಕಟ್ಟಿದ್ದು ಅಂತ ನೀರಲ್ಲಿ ಕೂತು ತಲೆ ಎತ್ತಿ ನೋಡಿದಾಗ್ಲೇ ಗೊತ್ತಾಗುದು. ಮುಂದೆ ಪೆರುಂಬಳ, ತೆಕ್ಕಿಲ್, ಕಾಂಡ್ಲದ ಗಿಡಗಳು, ನೀರುಕಾಗೆ ರೆಕ್ಕೆ ಬಿಡಿಸಿ ಒಣಗಿಸ್ತಾ ಕೂತಿರ್ತದೆ. ಬಾವಿಕ್ಕರೆಯ ತಡೆಗೋಡೆಗಿಂತ ಸುಮಾರು ಕೆಳಗೆಯೇ ನಿಲ್ಲಿಸಿ, ಉಪ್ಪು ನೀರು ಮೇಲೆ ಹೋಗದ ಹಾಗೆ ಕಟ್ಟಿದ್ದು ಅದು, ಪೇಟೆಯವರೆಲ್ಲ ಕುಡಿಯುದು ಅದರ ಆಚೆಯ ಪಯಸ್ವಿನಿ ನೀರನ್ನೇ.

ಆ ನಡುವೆ ಎಲ್ಲಾದ್ರೂ ಅಗಲ ಇರುವಲ್ಲಿ ನಾನು ಇಂಜಿನ್ ಆಫ್ ಮಾಡ್ತೇನೆ. ಲಂಗರಿನ ಹಗ್ಗ ನೀರಿನ ಆಳದ ಐದರಷ್ಟು ಬಿಡಿ, ಕಡಿಮೆ ಬಿಟ್ರೆ ಲಂಗರು ಕಚ್ಚುದಿಲ್ಲ. ಬಾಳೆ ಎಲೆಯಲ್ಲಿ ಕಟ್ಟಿದ ನೀರುದೋಸೆ, ಕಾಯಿಬೆಲ್ಲ, ಫ್ಲಾಸ್ಕಿನ ಚಾ. ಮೊದಲ ಎರಡು ನಿಮಿಷ ಕಿವಿಯಲ್ಲಿ ಇಂಜಿನ್ನೇ ಇರ್ತದೆ, ಆಮೇಲೆ ಒಂದೊಂದೇ ಶಬ್ದ ಬರ್ತದೆ, ದೋಣಿಯ ತಳಕ್ಕೆ ನೀರು ತಾಗುದು, ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುದು, ನವೆಂಬರಿನ ನಂತರ ಆದ್ರೆ ಎಲ್ಲೋ ತೆಯ್ಯಂನ ಚೆಂಡೆ, ನೀರಿನ ಮೇಲೆ ಬರುವಾಗ ಅದು ಬಲಬದಿಯಿಂದ ಬಂತಾ ಎಡಬದಿಯಿಂದ ಬಂತಾ ಗೊತ್ತಾಗುದಿಲ್ಲ. 1967ರಲ್ಲಿ ಮಹಾಜನ್ ಆಯೋಗ ಇದೇ ಹೊಳೆಯ ಬಡಗು ದಡದಿಂದ ಮೇಲಿನ ಜಾಗ ಆಗ ಮೈಸೂರು ಅಂತಿದ್ದ ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿದ್ದು, ನಮ್ಮ ಅಪ್ಪ ಆ ಪೇಪರ್ ಕಟಿಂಗ್ ತುಂಬಾ ವರ್ಷ ಇಟ್ಕೊಂಡಿದ್ರು. ಆ ಗೆರೆಯ ಮೇಲೆಯೇ ಲಂಗರು ಹಾಕಿ ಚಾ ಕುಡಿಯುವಾಗ ಅಪ್ಪನ ನೆನಪಾಗ್ತದೆ.

ವಾಪಸ್ ಬಂದ ಮೇಲೆ ಸುಸ್ತು ಅಂತ ಹಾಗೇ ಮನೆಗೆ ಹೋಗ್ಬೇಡಿ. ಇಂಜಿನಿಗೆ ಸಿಹಿನೀರು ಕುಡಿಸ್ಬೇಕು, ನೀರು ಎಳೆಯುವ ತೂತಿಗೆ ಕಪ್ಪು ರಬ್ಬರಿನ ಕಿವಿಮುಚ್ಚಿ ಹಾಕಿ ಬಾವಿಯ ಪೈಪ್ ಸಿಕ್ಕಿಸಿ ನ್ಯೂಟ್ರಲಲ್ಲಿ ಐದು ನಿಮಿಷ ಓಡಿಸಿ, ಇಲ್ಲದಿದ್ರೆ ದೊಡ್ಡ ಡ್ರಮ್ಮಲ್ಲಿ ನೀರು ತುಂಬಿ ಇಂಜಿನಿನ ಕಾಲು ಅದರಲ್ಲಿ ಇಳಿಸಿ ಓಡಿಸಿದ್ರೂ ಆಯ್ತು. ಉಪ್ಪು ಒಳಗೆ ಒಣಗಿದ್ರೆ ಇಂಜಿನ್ ಎರಡು ವರ್ಷ ಬಾಳುದಿಲ್ಲ. ಗೇರ್ ಆಯಿಲ್ ವರ್ಷಕ್ಕೊಮ್ಮೆ ತೆಗೆದು ನೋಡಿ, ಹಾಲು ಹಾಕಿದ ಚಾದ ಬಣ್ಣ ಬಂದಿದ್ರೆ ಸೀಲ್ ಹೋಗಿ ನೀರು ಸೇರಿದೆ ಅಂತ ಅರ್ಥ.

ಜೂನಿಗೆ ಮೊದಲು ದೋಣಿ ಮೇಲೆ ಎಳೆದು ಬಿಡಿ, ಅಕ್ಟೋಬರ್ ವರೆಗೆ ಹೊಳೆಯ ಆಸೆ ಬೇಡ, ಮಳೆಗಾಲದ ಕೆಂಪು ನೀರಲ್ಲಿ ಇಡೀ ಇಡೀ ಮರ ಬರ್ತದೆ. ನಾನು ತೆಂಗಿನ ಮರದ ಎರಡು ತುಂಡಿನ ಮೇಲೆ ದೋಣಿ ಕವುಚಿ ಹಾಕುದು, ಇಂಜಿನನ್ನು ನೆಟ್ಟಗೆ ಸ್ಟ್ಯಾಂಡಲ್ಲಿ ನಿಲ್ಲಿಸಿ, ಕಾರ್ಬ್ಯುರೇಟರ್ ಖಾಲಿ ಮಾಡಿ, ಟ್ಯಾಂಕಲ್ಲಿ ಉಳಿದದ್ದನ್ನು ಹುಲ್ಲು ಕತ್ತರಿಸುವ ಮಿಷಿನಿಗೆ ಹಾಕಿ ಮುಗಿಸ್ತೇನೆ. ತಳದ ನೀರು ಬಿಡುವ ಬೂಚನ್ನು ಇಂಜಿನಿನ ಹಿಡಿಗೆ ದಾರದಲ್ಲಿ ಕಟ್ಟಿ ಇಡುದು, ಅಕ್ಟೋಬರಲ್ಲಿ ಇಳಿಸುವಾಗ ಅದು ಎದುರೇ ಕಣ್ಣಿಗೆ ಬೀಳ್ತದೆ.