ಪಾವಗಡದ ಬಿಸಿಲಿನ ಬಗ್ಗೆ ಮೊಬೈಲಿನಲ್ಲಿ ವಾದಕ್ಕಿಳಿಯುವ ಮೊದಲು

ಪಾವಗಡದ ಸೋಲಾರ್ ಪಾರ್ಕಿನ ಚಿತ್ರವೊಂದು ನಮ್ಮ ತುಮಕೂರು ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಸಾಕು, ಅರ್ಧ ಗಂಟೆಯೊಳಗೆ ಮಾತು ಮೂರು ದಾರಿ ಹಿಡಿಯುತ್ತದೆ. ಬರಡು ನೆಲ ಬಂಗಾರವಾಯಿತು ಎಂದು ಒಬ್ಬರು ಬರೆದರೆ, ನೆಲ ನಮ್ಮದು, ಕರೆಂಟು ಬೇರೆಯವರದು ಎಂದು ಇನ್ನೊಬ್ಬರು ಕೆರಳುತ್ತಾರೆ. ಕೈಗಾದಂಥ ಅಣುಸ್ಥಾವರವಿದ್ದರೆ ಇಷ್ಟು ಜಮೀನೇ ಬೇಕಿರಲಿಲ್ಲ ಎನ್ನುವುದು ಮೂರನೆಯವರ ವಾದ. ಒಂದು ಆದಾಯದ ಮಾತು, ಒಂದು ಹಂಚಿಕೆಯ ಮಾತು, ಮತ್ತೊಂದು ತಂತ್ರಜ್ಞಾನದ ಮಾತು. ಆದ್ದರಿಂದ ಉತ್ತರ ಟೈಪ್ ಮಾಡುವ ಮೊದಲು, ಎದುರಿನವರು ಇವುಗಳಲ್ಲಿ ಯಾವುದನ್ನು ಎತ್ತಿದ್ದಾರೆ ಎಂದು ಗುರುತಿಸಿಕೊಳ್ಳಿ, ಅದೊಂದಕ್ಕೇ ಉತ್ತರಿಸಿ.

ಹೆಚ್ಚಿನ ಜಗಳ ಹುಟ್ಟುವುದು ಅಂಕಿಗಳಿಂದ. ಪಾವಗಡದ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್, ಕೈಗಾದ್ದು 880. ಇವೆರಡನ್ನು ಪಕ್ಕಪಕ್ಕ ಇಟ್ಟು ಸೋಲಾರ್ ಎರಡು ಪಟ್ಟಿಗೂ ಮಿಗಿಲು ಎಂದು ಬರೆದವರು, ಸಾಮರ್ಥ್ಯವನ್ನೂ ಉತ್ಪಾದನೆಯನ್ನೂ ಒಂದೇ ಎಂದು ತಿಳಿದಿರುತ್ತಾರೆ. ಪಾವಗಡದ 2,050 ಮೆಗಾವ್ಯಾಟ್ ಎಂಬುದು ಬಿಸಿಲು ನೆತ್ತಿಗೇರಿದಾಗ ಸಿಗಬಹುದಾದ ಗರಿಷ್ಠ ಶಕ್ತಿ. ರಾತ್ರಿ, ಮೋಡ, ಧೂಳು ಎಲ್ಲ ಸೇರಿ ವರ್ಷದ ಸರಾಸರಿ ಅದರ ಕಾಲುಭಾಗದ ಆಸುಪಾಸಿಗೆ ಇಳಿಯುತ್ತದೆ. ಕೈಗಾ ಹಗಲಿರುಳು ನಡೆಯುವುದರಿಂದ ವರ್ಷದ ಯೂನಿಟ್ ಲೆಕ್ಕದಲ್ಲಿ ಅದೇ ಮುಂದಿರುತ್ತದೆ. ಹಾಗೆಂದು ಸೋಲಾರ್ ದಂಡ ಎಂದು ತೀರ್ಮಾನಿಸುವುದೂ ತಪ್ಪು. ಹಗಲಿನಲ್ಲಿ ಕರೆಂಟು ಸಿಕ್ಕರೆ, ಮೋಟರ್ ಹಾಕಲು ನಡುರಾತ್ರಿ ಹಾವು ಚೇಳುಗಳ ನಡುವೆ ತೋಟಕ್ಕೆ ಹೋಗುವ ರೈತನ ಪಾಡು ತಪ್ಪುತ್ತದೆ, ಮತ್ತು ಈ ಬೆಲೆಯನ್ನು ಯೂನಿಟ್‌ಗಳಲ್ಲಿ ಅಳೆಯಲಾಗುವುದಿಲ್ಲ.

ಜಮೀನಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. "ರೈತರಿಂದ ಭೂಮಿ ಕಿತ್ತುಕೊಂಡರು" ಎಂಬ ಫಾರ್ವರ್ಡ್ ಕಂಡರೆ, ಐದು ಗ್ರಾಮಗಳ ಸುಮಾರು 13,000 ಎಕರೆಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆಯಲಾಗಿದೆ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ನಿಗದಿಯಾಗಿತ್ತು ಎಂದು ತಿಳಿಸಿ. ಆದರೆ ಅಲ್ಲಿಗೆ ನಿಲ್ಲಿಸಬೇಡಿ. ತಿರುಮಣಿಯ ಕಡೆ ಕುರಿ ಕಾಯುವ ಅಜ್ಜರೊಬ್ಬರು ನನ್ನೊಡನೆ, "ಜಮೀನಿದ್ದೋರಿಗೆ ದುಡ್ಡು ಬರುತ್ತಪ್ಪ, ನನ್ ಕುರಿ ಎಲ್ಲಿ ಮೇಯಬೇಕು?" ಎಂದಿದ್ದರು. ಬೇಲಿಯ ತಂತಿಗೆ ಒರಗಿ ನಿಂತಿದ್ದ ಅವರ ಜೇಬಿನಲ್ಲಿ ಇದ್ದದ್ದು ಬಟನ್ ಫೋನು. ಗುತ್ತಿಗೆ ಹಣ ಬಾರದ ಕುರಿಗಾಹಿಗಳ, ಕೂಲಿಕಾರರ ಪ್ರಶ್ನೆ ನಮ್ಮ ಗುಂಪುಗಳಲ್ಲಿ ಕಾಣದೇ ಇರುವುದಕ್ಕೆ ಇದೂ ಒಂದು ಕಾರಣ. ಅದನ್ನು ಮುಂದಿಡುವ ಹೊಣೆ ಸ್ಮಾರ್ಟ್‌ಫೋನ್ ಹಿಡಿದ ನಮ್ಮ ಮೇಲಿದೆ ಎಂದೇ ನನ್ನ ನಂಬಿಕೆ.

ಒಡೆದ ಪ್ಯಾನೆಲ್‌ಗಳ ಚಿತ್ರ ಬಂದರೆ ಊರು, ದಿನಾಂಕ ಕೇಳಿ. ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಎಷ್ಟೋ ಬಾರಿ ಮೂಲ ಸಿಕ್ಕಿಬಿಡುತ್ತದೆ. ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಅನೇಕ ಕೈ ದಾಟಿ ಬಂದಿದೆ ಎಂದರ್ಥ. ಫೇಸ್‌ಬುಕ್ಕಿನಲ್ಲಿ ಸುಳ್ಳು ಪೋಸ್ಟಿನ ಕೆಳಗೆ ಬರೆದ ಖಂಡನೆಯೂ ಆ ಪೋಸ್ಟನ್ನು ಇನ್ನಷ್ಟು ಜನರ ಮುಂದೆ ತರಬಹುದಾದ್ದರಿಂದ, ಸರಿಯಾದ ಮಾಹಿತಿಯನ್ನು ನಿಮ್ಮದೇ ಪೋಸ್ಟಾಗಿ ಬರೆಯುವುದು ಮೇಲು.

ಹಿರಿಯರು ತಪ್ಪು ಅಂಕಿ ಹಾಕಿದಾಗ ಎಲ್ಲರೆದುರು ತಿದ್ದಬೇಡಿ. "ಚಿಕ್ಕಪ್ಪ, ನೀವು ಹಾಕಿದ್ದು ಮೆಗಾವ್ಯಾಟ್ ಲೆಕ್ಕ, ವರ್ಷದ ಯೂನಿಟ್ ಎಷ್ಟು ಅಂತ ಒಮ್ಮೆ ನೋಡೋಣವಾ?" ಎಂದು ಅವರಿಗೆ ಮಾತ್ರ ಕಳುಹಿಸಿದರೆ, ಅವರೇ ಗುಂಪಿನಲ್ಲಿ ಸರಿಪಡಿಸುವ ಸಾಧ್ಯತೆ ಹೆಚ್ಚು.

ವಾದ ವಿದ್ಯುತ್ ದರದ ಕಡೆ ತಿರುಗಿದರೆ ಅದನ್ನು ಗುಂಪಿನಲ್ಲೇ ಸಾಯಲು ಬಿಡಬೇಡಿ. ಬೆಸ್ಕಾಂ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕರಿಂದ ಲಿಖಿತ ಆಕ್ಷೇಪಣೆಗಳನ್ನು ಪಡೆದು ವಿಚಾರಣೆ ನಡೆಸುತ್ತದೆ. ಗುಂಪಿನಲ್ಲಿ ನಾಲ್ಕು ದಿನ ಚರ್ಚಿಸಿ ಅಂಕಿಗಳನ್ನು ತಾಳೆ ನೋಡಿದ್ದರೆ, ಆ ಆಕ್ಷೇಪಣೆಯ ಮುಕ್ಕಾಲು ಪಾಲು ಆಗಲೇ ಸಿದ್ಧವಾಗಿರುತ್ತದೆ. ಅದನ್ನು ಕಾಗದಕ್ಕಿಳಿಸಿ, ಸಹಿ ಹಾಕಿ, ಕೊನೆಯ ದಿನಾಂಕದೊಳಗೆ ಕಳುಹಿಸಿ.