ಇಂಡೋರ್ ಫುಟ್ಬಾಲ್‌ನಿಂದ ಮೈದಾನಕ್ಕೆ, ಮೈದಾನದಿಂದ ಇಂಡೋರ್‌ಗೆ: ಆಟ ಬದಲಿಸಿಕೊಳ್ಳುವುದು ಹೇಗೆ

ಇಂಡೋರ್‌ನಲ್ಲಿ ಮೂರು ಜನರನ್ನು ದಾಟಿ ಗೋಲು ಹೊಡೆಯುವ ಹುಡುಗ ಹೊರಗಿನ ದೊಡ್ಡ ಮೈದಾನಕ್ಕೆ ಬಂದರೆ ಅರ್ಧ ಗಂಟೆ ಬಾಲೇ ಮುಟ್ಟಿರುವುದಿಲ್ಲ. ಹೊರಗೆ ಆರಾಮಾಗಿ ಡಿಫೆನ್ಸ್ ಆಡುವವರು ಇಂಡೋರ್‌ಗೆ ಬಂದರೆ ಎರಡೇ ನಿಮಿಷಕ್ಕೆ ಏದುಸಿರು ಬಿಡುತ್ತಾ ಬದಲಿ ಆಟಗಾರನಿಗೆ ಕೈ ಎತ್ತುತ್ತಾರೆ. ಇಬ್ಬರ ಕಾಲಿನ ಕೌಶಲವೂ ಎಲ್ಲೂ ಹೋಗಿಲ್ಲ. ತಪ್ಪಿರುವುದು ಅಳತೆ. ಎಷ್ಟು ಜಾಗ ಇದೆ, ಎಷ್ಟು ಹೊತ್ತು ಸಿಗುತ್ತದೆ ಅನ್ನುವ ಅಂದಾಜು ತಲೆಯಲ್ಲಿ ಹಳೇದೇ ಓಡುತ್ತಿರುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಫುಟ್ಸಾಲ್ ಅಂದರೆ ತಂಡಕ್ಕೆ ಐದೈದು ಜನರ ಇಂಡೋರ್ ಫುಟ್ಬಾಲ್. 40 ಮೀಟರ್ ಉದ್ದ, 20 ಮೀಟರ್ ಅಗಲದ ಅದರ ಅಂಕಣದಲ್ಲಿ ಹತ್ತು ಜನ ಆಡುತ್ತಾರೆ. ಒಬ್ಬೊಬ್ಬರ ಪಾಲಿಗೆ 80 ಚದರ ಮೀಟರ್. 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನದಲ್ಲಿ ಇಪ್ಪತ್ತೆರಡು ಜನ, ಒಬ್ಬೊಬ್ಬರಿಗೆ ಸುಮಾರು 325 ಚದರ ಮೀಟರ್. ನಾಲ್ಕು ಪಟ್ಟು! ಕೆಳಗೆ ಹೇಳುವುದರಲ್ಲಿ ಹೆಚ್ಚಿನದೆಲ್ಲ ಈ ನಾಲ್ಕು ಪಟ್ಟಿನಿಂದಲೇ ಹುಟ್ಟುತ್ತದೆ.

ಮೊದಲು ಯಾವ ಇಂಡೋರ್ ಅಂತ ಕೇಳಿ

ಇಂಡೋರ್ ಅಂದರೆ ಒಂದೇ ಆಟ ಅಲ್ಲ. ಫುಟ್ಸಾಲ್ ಗಟ್ಟಿ, ನುಣುಪಾದ ನೆಲದ ಮೇಲೆ ಆಡುವ ಆಟ. ಗೋಡೆ ಆಟಕ್ಕೆ ಬರುವುದಿಲ್ಲ, ಗೆರೆ ದಾಟಿದರೆ ಬಾಲ್ ಹೊರಗೆ. ಇನ್ನೊಂದು ಬಗೆಯಲ್ಲಿ ಕೃತಕ ಹುಲ್ಲಿನ ಸುತ್ತ ಹಲಗೆಯ ಗೋಡೆ ಇರುತ್ತದೆ, ಬಾಲ್ ಅದಕ್ಕೆ ಬಡಿದು ವಾಪಸ್ ಬಂದರೂ ಆಟ ನಿಲ್ಲುವುದಿಲ್ಲ. ಮೂರನೆಯದು ಬಲೆ ಕಟ್ಟಿದ ಚಿಕ್ಕ ಟರ್ಫ್‌ನಲ್ಲಿ ಐದೋ ಆರೋ ಜನ ಆಡುವುದು, ಅಲ್ಲಿ ನಿಯಮ ಆಯಾ ಜಾಗದವರು ಹೇಳಿದ್ದೇ. ಸ್ಲೈಡಿಂಗ್ ಟ್ಯಾಕಲ್ ಬಿಡುತ್ತಾರಾ, ತಲೆ ಎತ್ತರ ದಾಟಿದ ಬಾಲ್ ಫೌಲಾ, ತನ್ನ ತಂಡದವನೇ ಹಿಂದಕ್ಕೆ ಕೊಟ್ಟ ಬಾಲನ್ನು (ಬ್ಯಾಕ್‌ಪಾಸ್) ಕೀಪರ್ ಕೈಯಲ್ಲಿ ಹಿಡಿಯಬಹುದಾ ಅನ್ನುವ ಮೂರು ಪ್ರಶ್ನೆ ಆಟ ಶುರುವಾಗುವ ಮುಂಚೆಯೇ ಕೇಳಿಬಿಡಿ. ಆಮೇಲೆ ಜಗಳ ಆಡುವುದಕ್ಕಿಂತ ಅದು ವಾಸಿ.

ಶೂ

ಇದರಲ್ಲಿ ಮಾತ್ರ ಹೇಗೋ ನಡೆಯುತ್ತೆ ಅಂತ ಬಿಡಬೇಡಿ. ಗಟ್ಟಿ ನೆಲಕ್ಕೆ ಚಪ್ಪಟೆ ರಬ್ಬರ್ ಅಡಿಯ, ಗೆರೆ ಮೂಡಿಸದ ಶೂ. ಚಿಕ್ಕ ಟರ್ಫ್‌ಗೆ ತುಂಬಾ ಸಣ್ಣ ಗುಬುಟುಗಳಿರುವ ಟರ್ಫ್ ಶೂ, ಅಂದರೆ ಪೆಟ್ಟಿಗೆ ಮೇಲೆ ಟಿಎಫ್ ಅಂತ ಬರೆದಿರುತ್ತದಲ್ಲ, ಅದು. ನಿಜವಾದ ಹುಲ್ಲಿಗೆ ಎಫ್‌ಜಿ, ಅಂದರೆ ಫರ್ಮ್ ಗ್ರೌಂಡ್ ಬೂಟು. ಎಫ್‌ಜಿ ಬೂಟಿನ ಉದ್ದ ಸ್ಟಡ್ ಕೃತಕ ಹುಲ್ಲಿನಲ್ಲಿ ಸಿಕ್ಕಿಕೊಂಡರೆ ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ. ಆ ತಿರುಚಾಟವನ್ನೆಲ್ಲ ಮಂಡಿಯೇ ತಡೆಯಬೇಕು. ಓಡುವ ಶೂ ಹಾಕಿಕೊಂಡು ಇಂಡೋರ್ ಆಡುವವರೂ ಇದ್ದಾರೆ. ಅದರ ಹಿಮ್ಮಡಿ ಎತ್ತರ, ಅಡಿ ಮೆತ್ತಗೆ, ನೇರ ಓಡುವುದಕ್ಕೆ ಮಾಡಿದ್ದು. ಪಕ್ಕಕ್ಕೆ ಜೋರಾಗಿ ತಿರುಗಿದರೆ ಕಣಕಾಲು ಹೊರಳುತ್ತದೆ. ಇಂಡೋರ್ ಶೂ ಹಾಕಿಕೊಂಡೇ ರಸ್ತೆಯಲ್ಲಿ ನಡೆದು ಬರಬೇಡಿ, ಅಡಿಗೆ ಧೂಳು ಹತ್ತಿದರೆ ನೆಲದ ಮೇಲೆ ಹಿಡಿತ ಸಿಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗೆ ಹೋಗಿ.

ಬಾಲ್

ಫುಟ್ಸಾಲ್ ಬಾಲ್ 4ನೇ ಸೈಜಿನದು, ಸುತ್ತಳತೆ 62ರಿಂದ 64 ಸೆಂಟಿಮೀಟರ್. ಹೊರಗಿನದು 5ನೇ ಸೈಜು, 68ರಿಂದ 70 ಸೆಂಟಿಮೀಟರ್. ತೂಕದಲ್ಲಿ ಅಂಥ ವ್ಯತ್ಯಾಸ ಇಲ್ಲ, ಎರಡೂ 400 ಗ್ರಾಂ ಮೇಲೇ. ಅಸಲಿ ವ್ಯತ್ಯಾಸ ಪುಟಿತದಲ್ಲಿ. ಫುಟ್ಸಾಲ್ ಬಾಲನ್ನು 2 ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತ 50ರಿಂದ 65 ಸೆಂಟಿಮೀಟರ್ ಒಳಗೆ ಇರಬೇಕು ಅಂತ ನಿಯಮವೇ ಇದೆ. ಅಂದರೆ ಅದು ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಹೊರಗಿನ ಬಾಲ್ ಎದೆಗೆ ಬರುತ್ತದೆ, ಮಂಡಿಗೆ ಬರುತ್ತದೆ, ಹುಲ್ಲಿನ ಗುಡ್ಡೆಗೆ ತಾಗಿ ಎಲ್ಲಿಗೋ ಹಾರುತ್ತದೆ. ಆಟ ಬದಲಿಸುವ ವಾರ ಮನೆಯಲ್ಲಿ ಆಡುವ ಬಾಲೂ ಬದಲಾಗಲಿ, ಪಂದ್ಯದ ದಿನ ಮೊದಲ ಸಲ ಮುಟ್ಟುವುದು ಬೇಡ.

ಒಳಗಿನಿಂದ ಹೊರಗೆ ಹೋಗುವವರಿಗೆ

ನನ್ನ ಪ್ರಕಾರ ಇದೇ ಜಾಸ್ತಿ ಕಷ್ಟ. ಬ್ರೆಜಿಲ್‌ನ ಫಲ್ಕಾವ್ ಫುಟ್ಸಾಲ್ ಕಂಡ ಅತಿ ದೊಡ್ಡ ಆಟಗಾರರಲ್ಲಿ ಒಬ್ಬ. 2005ರಲ್ಲಿ ಸಾವ್ ಪಾಲೊ ಕ್ಲಬ್‌ಗೆ ಹನ್ನೊಂದು ಜನರ ಆಟ ಆಡಲು ಹೋದವನು ಕೆಲವೇ ತಿಂಗಳಲ್ಲಿ ಫುಟ್ಸಾಲ್‌ಗೆ ವಾಪಸಾದ. ಹಾಗಂತ ಆಗುವುದೇ ಇಲ್ಲ ಅಂತಲ್ಲ. ಇಂಗ್ಲೆಂಡ್ ಫುಟ್ಸಾಲ್ ತಂಡಕ್ಕೆ ಆಡುತ್ತಿದ್ದ ಮ್ಯಾಕ್ಸ್ ಕಿಲ್ಮನ್ ಆಮೇಲೆ ಪ್ರೀಮಿಯರ್ ಲೀಗ್‌ನಲ್ಲಿ ಡಿಫೆಂಡರ್ ಆದ.

ಮೊದಲು ಬಿಡಬೇಕಾದ ಚಾಳಿ ಬಾಲಿನ ಹತ್ತಿರ ಓಡಿ ಬರುವುದು. ಇಂಡೋರ್‌ನಲ್ಲಿ ಬಾಲ್ ಯಾವಾಗಲೂ ಹತ್ತು ಹೆಜ್ಜೆ ದೂರದಲ್ಲೇ ಇರುತ್ತದೆ, ಅದಕ್ಕೇ ಓಡಿ ಹೋಗಿ ಪಾಸ್ ಕೇಳುವುದು ಅಭ್ಯಾಸ ಆಗಿಬಿಟ್ಟಿರುತ್ತದೆ. ಹೊರಗೆ ಹಾಗೆ ಮಾಡಿದರೆ ನಿಮ್ಮ ಜೊತೆ ಇಬ್ಬರು ಎದುರಾಳಿಗಳನ್ನೂ ಕರೆದುಕೊಂಡು ಹೋಗಿ, ಬಾಲ್ ಇಟ್ಟುಕೊಂಡಿರುವ ಪಾಪದವನ ಜಾಗವನ್ನೇ ತಿನ್ನುತ್ತೀರಿ. ವಿಂಗ್, ಅಂದರೆ ಮೈದಾನದ ಬದಿಯಲ್ಲಿ ಆಡುತ್ತಿದ್ದರೆ ಗೆರೆಯ ಪಕ್ಕವೇ ನಿಲ್ಲಿ. ಬಾಲ್ ಐದು ನಿಮಿಷ ಬರದಿದ್ದರೂ ನಿಲ್ಲಿ. ನೀವು ಅಲ್ಲಿ ನಿಂತಿರುವುದರಿಂದಲೇ ಒಬ್ಬ ಡಿಫೆಂಡರ್ ನಿಮಗೋಸ್ಕರ ಅಗಲಕ್ಕೆ ಬರಬೇಕು, ಮಧ್ಯದಲ್ಲಿ ದಾರಿ ತೆರೆಯುತ್ತದೆ. ಸುಮ್ನೆ ನಿಂತ ಹಾಗೆ ಕಾಣುತ್ತದೆ, ಆದರೆ ಅದೂ ಕೆಲಸವೇ.

ಎರಡನೆಯದು ಅಂಗಾಲು. ಫುಟ್ಸಾಲ್‌ನಲ್ಲಿ ಬಾಲನ್ನು ಅಂಗಾಲಿನಿಂದ ಒತ್ತಿ ನಿಲ್ಲಿಸುವುದು ಸರಿಯಾದ ವಿಧಾನ, ನೆಲ ಸಮ, ಬಾಲ್ ಪುಟಿಯುವುದಿಲ್ಲ. ಹುಲ್ಲಿನ ಮೇಲೆ ಅದೇ ಬಾಲ್ ಕೊನೇ ಕ್ಷಣದಲ್ಲಿ ಒಂದಿಂಚು ಹಾರಿ ಕಾಲಿನ ಕೆಳಗೇ ತೂರಿಕೊಂಡು ಹೋಗುತ್ತದೆ. ಪಾದದ ಒಳಬದಿಯಲ್ಲಿ ತೆಗೆದುಕೊಳ್ಳಿ. ನಿಲ್ಲಿಸಲೂ ಬೇಡಿ, ಮುಂದೆ ಜಾಗ ಇದ್ದರೆ ಮೊದಲ ಸ್ಪರ್ಶದಲ್ಲೇ ಮೂರು ನಾಲ್ಕು ಮೀಟರ್ ಮುಂದಕ್ಕೆ ತಳ್ಳಿ ಓಡಿ. ಇಂಡೋರ್‌ನಲ್ಲಿ ಇದನ್ನು ಮಾಡಿದರೆ ಬಾಲ್ ಎದುರಾಳಿಯ ಪಾಲು, ಹೊರಗೆ ಇದೇ ನಿಮಗೆ ಒಂದು ಸೆಕೆಂಡ್ ಗಳಿಸಿಕೊಡುತ್ತದೆ.

ಮೂರನೆಯದು ಉದ್ದ ಪಾಸ್ ಮತ್ತು ತಲೆಯಿಂದ ಹೊಡೆಯುವುದು (ಹೆಡ್ಡಿಂಗ್). ಎರಡೂ ಇಂಡೋರ್‌ನಲ್ಲಿ ತುಕ್ಕು ಹಿಡಿದಿರುತ್ತವೆ. ಒಬ್ಬ ಸ್ನೇಹಿತನನ್ನು 30 ಮೀಟರ್ ದೂರ ನಿಲ್ಲಿಸಿ ಬಾಲಿನ ಕೆಳಗಿನ ಅರ್ಧಕ್ಕೆ, ಲೇಸ್ ಕಟ್ಟುವ ಜಾಗದ ಗಟ್ಟಿ ಎಲುಬಿನಿಂದ ಹೊಡೆಯುವುದನ್ನು ಪ್ರಾಕ್ಟೀಸ್ ಮಾಡಿ. ಊರಿದ ಕಾಲು ಬಾಲಿನ ಪಕ್ಕದಲ್ಲಿರಲಿ, ಮೈ ಸ್ವಲ್ಪ ಹಿಂದಕ್ಕೆ ವಾಲಲಿ. ಹೆಡ್ಡಿಂಗ್‌ಗೆ ಕೈಯಿಂದ ಮೆಲ್ಲಗೆ ಎಸೆದ ಬಾಲ್ ಸಾಕು. ಕಣ್ಣು ತೆರೆದಿರಬೇಕು, ಹಣೆಯಿಂದ ಹೊಡೆಯಬೇಕು, ನೆತ್ತಿಯಿಂದಲ್ಲ. ಕಲಿಯುವ ದಿನ ತುಂಬಾ ಸಲ ಹೊಡೆಯುವ ಹಟ ಬೇಡ.

ಆಫ್‌ಸೈಡ್ (ಪಾಸ್ ಹೊರಡುವಾಗಲೇ ಕೊನೆಯ ಡಿಫೆಂಡರ್‌ಗಿಂತ ಮುಂದೆ ಇರುವ ತಪ್ಪು) ವಿಷಯ ಎಲ್ಲರಿಗೂ ಗೊತ್ತು, ಆದರೆ ಕಾಲಿಗೆ ಗೊತ್ತಿರುವುದಿಲ್ಲ. ಫುಟ್ಸಾಲ್‌ನಲ್ಲಿ ಆಫ್‌ಸೈಡ್ ಇಲ್ಲ, ಅದಕ್ಕೇ ದೂರದ ಗೋಲ್ ಕಂಬದ ಹತ್ತಿರ ಮೊದಲೇ ಹೋಗಿ ನಿಂತು, ಅಡ್ಡ ಪಾಸ್ ಬಂದ ತಕ್ಷಣ ಒಳಗೆ ತಳ್ಳುವುದು ಅಲ್ಲಿ ಅತಿ ಸುಲಭದ ಗೋಲು. ಹೊರಗೆ ಅದೇ ಜಾಗದಲ್ಲಿ ನಿಂತರೆ ಬಾವುಟ ಏಳುತ್ತದೆ. ಕೊನೆಯ ಡಿಫೆಂಡರ್‌ನ ಸಾಲಿನಲ್ಲೇ ಇರಿ, ಪಾಸ್ ಕಾಲು ಬಿಟ್ಟ ಮೇಲೆ ಓಡಿ. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಬಾಲಿಗೆ ಆಫ್‌ಸೈಡ್ ಇಲ್ಲ, ಅದನ್ನು ಬಳಸಿಕೊಳ್ಳಿ. ಡಿಫೆಂಡರ್ ಆದರೆ ಇದರ ಉಲ್ಟಾ: ಇಂಡೋರ್‌ನಲ್ಲಿ ನೀವು ಕಾಯುವ ಎದುರಾಳಿ ಎಲ್ಲಿ ಹೋದರೆ ಅಲ್ಲಿಗೆ ಹೋಗುತ್ತಿದ್ದಿರಿ, ಇಲ್ಲಿ ಅವನ ಹಿಂದೆ ಹೋದರೆ ನಿಮ್ಮ ಸಾಲಿನಲ್ಲಿ ಬಾಗಿಲು ತೆರೆದ ಹಾಗೆ. ಪಕ್ಕದವನಿಗೆ ಕೂಗಿ ಹೇಳಿ, ನೀವು ಜಾಗ ಬಿಡಬೇಡಿ.

ಥ್ರೋ-ಇನ್ ಕೂಡ ಮರೆತಿರುತ್ತದೆ. ಎರಡೂ ಕೈ, ತಲೆಯ ಹಿಂದಿನಿಂದ, ಎರಡೂ ಪಾದದ ಒಂದೊಂದು ಭಾಗವಾದರೂ ನೆಲದ ಮೇಲೆ. ಗಾಳಿ ಎದುರಿಗಿದ್ದರೆ ಬಾಲ್ ಕೆಳಗೇ ಇರಲಿ. ಹುಲ್ಲು ಒದ್ದೆ ಇದ್ದರೆ ಪಾಸ್ ಜಾರಿ ಬೇಗ ಬರುತ್ತದೆ.

ಹೊರಗಿನಿಂದ ಒಳಗೆ ಬರುವವರಿಗೆ

ಬಾಲ್ ಬರುವ ಮುಂಚೆ ನೋಡಿ. ಹೊರಗೆ ಬಾಲ್ ತೆಗೆದುಕೊಂಡು, ತಲೆ ಎತ್ತಿ, ಯಾರಿದ್ದಾರೆ ಅಂತ ಹುಡುಕುವಷ್ಟು ಪುರುಸೊತ್ತು ಇರುತ್ತದೆ. ಇಲ್ಲಿ ತಲೆ ಎತ್ತುವಷ್ಟರಲ್ಲಿ ಬಾಲ್ ಹೋಗಿರುತ್ತದೆ. ಪಾಸ್ ನಿಮ್ಮ ಕಡೆ ಹೊರಟಾಗಲೇ ಒಂದು ಸಲ ಹೆಗಲ ಮೇಲಿಂದ ಹಿಂದೆ ನೋಡಿಬಿಡಿ. ಪಾಸ್ ಕೊಟ್ಟ ಮೇಲೆ ನಿಂತು ನೋಡುವುದೂ ಹೊರಗಿನ ಚಾಳಿಯೇ. ಇಲ್ಲಿ ಕೊಟ್ಟ ತಕ್ಷಣ ಓಡಿ, ಬೇರೆಯವನು ನಿಮ್ಮ ಜಾಗಕ್ಕೆ ಬರುತ್ತಾನೆ. ಸ್ಟ್ರೈಕರ್, ಡಿಫೆಂಡರ್ ಅನ್ನುವ ಹೆಸರೆಲ್ಲ ಹತ್ತು ಸೆಕೆಂಡಿಗೆ ಅದಲು ಬದಲಾಗುತ್ತದೆ. ಸ್ಟ್ರೈಕರ್ ಅಂತ ಮುಂದೆಯೇ ನಿಂತರೆ ನಿಮ್ಮ ತಂಡ ಮೂರೇ ಜನರಲ್ಲಿ ಡಿಫೆಂಡ್ ಮಾಡಬೇಕು, ಅವರು ನಿಮಗೆ ಬೈಯುವುದು ನ್ಯಾಯವೇ.

ಶಾಟ್‌ಗೆ ಕಾಲನ್ನು ಹಿಂದಕ್ಕೆ ಉದ್ದ ಬೀಸಬೇಡಿ. ಗೋಲು ಇಲ್ಲಿ 3 ಮೀಟರ್ ಅಗಲ, 2 ಮೀಟರ್ ಎತ್ತರ, ಹೊರಗಿನ 7.32 ಮತ್ತು 2.44ರ ಮುಂದೆ ಕಿಟಕಿ ಇದ್ದ ಹಾಗೆ, ಅದರಲ್ಲೂ ಕೀಪರ್ ಅರ್ಧ ಮುಚ್ಚಿರುತ್ತಾನೆ. ಬೂಟಿನ ತುದಿಯಿಂದ ಚುಚ್ಚಿ ಹೊಡೆಯುವುದನ್ನು ಹೊರಗೆ ಎಲ್ಲರೂ ನಗಾಡುತ್ತಾರೆ, ಇಲ್ಲಿ ಅದು ಒಳ್ಳೆ ಆಯುಧ, ಯಾಕೆಂದರೆ ಕೀಪರ್‌ಗೆ ಅದು ಹೊರಡುವುದೇ ಗೊತ್ತಾಗುವುದಿಲ್ಲ. ಕೆಳಗೆ, ದೂರದ ಮೂಲೆಗೆ ಹೊಡೆಯಿರಿ. ತಪ್ಪಿದರೂ ಆ ದೂರದ ಕಂಬದ ಹತ್ತಿರ ನಿಮ್ಮವನೊಬ್ಬ ಇರುತ್ತಾನೆ.

ಫುಟ್ಸಾಲ್ ನಿಯಮದಲ್ಲಿ ಎರಡು ಸಂಗತಿ ಹೊರಗಿನವರನ್ನು ಬೀಳಿಸುತ್ತವೆ. ಒಂದು, 4 ಸೆಕೆಂಡ್. ಬದಿಯ ಗೆರೆಯಿಂದ ಕಾಲಿನಲ್ಲಿ ಒದ್ದು ಒಳಗೆ ಹಾಕುವ ಕಿಕ್-ಇನ್ ಅಷ್ಟರೊಳಗೆ ಆಗಬೇಕು, ಅದರಿಂದ ನೇರ ಗೋಲು ಹೊಡೆದರೆ ಲೆಕ್ಕಕ್ಕಿಲ್ಲ. ಇನ್ನೊಂದು, ಫೌಲ್ ಕೂಡುತ್ತಾ ಹೋಗುತ್ತದೆ. ಒಂದು ಅರ್ಧದಲ್ಲಿ ತಂಡದ ಆರನೇ ಫೌಲ್‌ನಿಂದ ಎದುರಾಳಿಗೆ ಫ್ರೀ ಕಿಕ್, ಅದಕ್ಕೆ ಅಡ್ಡವಾಗಿ ನಿಮ್ಮವರು ಸಾಲಾಗಿ ಗೋಡೆ ಕಟ್ಟಿ ನಿಲ್ಲುವ ಹಾಗಿಲ್ಲ, 10 ಮೀಟರ್ ಗುರುತಿನಿಂದ. ಹೊರಗೆ ಮಧ್ಯ ಮೈದಾನದಲ್ಲಿ ಅಂಗಿ ಎಳೆದು ನಿಲ್ಲಿಸುವ ಜಾಣತನ ಇಲ್ಲಿ ದುಬಾರಿ.

ಗೋಡೆ ಇರುವ ಅಂಕಣದಲ್ಲಿ ಗೋಡೆಯೂ ಒಬ್ಬ ಆಟಗಾರ. ಎದುರಾಳಿ ಅಡ್ಡ ನಿಂತರೆ ಬಾಲನ್ನು ಓರೆಯಾಗಿ ಗೋಡೆಗೆ ಬಡಿದು, ಅವನ ಇನ್ನೊಂದು ಕಡೆಯಿಂದ ಓಡಿ ನೀವೇ ತೆಗೆದುಕೊಳ್ಳಿ. ಡಿಫೆಂಡ್ ಮಾಡುವಾಗ ಗೋಡೆಗೆ ತೀರಾ ಹತ್ತಿರ ಹೋಗಬೇಡಿ, ವಾಪಸ್ ಬರುವ ಬಾಲ್ ನಿಮ್ಮನ್ನು ದಾಟಿಬಿಡುತ್ತದೆ. ಗೋಡೆ ಪಕ್ಕದಲ್ಲಿ ಹಿಂದಿನಿಂದ ಯಾರನ್ನೂ ತಳ್ಳಬೇಡಿ. ಮುಖ ಒಡೆಯುತ್ತದೆ.

ಉಸಿರು, ಸ್ನಾಯು

ಇಂಡೋರ್‌ನಲ್ಲಿ ಆಟಗಾರರನ್ನು ಬದಲಿಸುವುದಕ್ಕೆ ಮಿತಿ ಇಲ್ಲ, ಅದನ್ನು ಬಳಸಿ. ಎರಡು ಮೂರು ನಿಮಿಷ ಪೂರ್ತಿ ಜೋರಾಗಿ ಆಡಿ ಹೊರಗೆ ಬನ್ನಿ. ಹತ್ತು ನಿಮಿಷ ಎಳೆದುಕೊಂಡು ಆಡುವವನಿಂದ ತಂಡಕ್ಕೆ ನಷ್ಟ. ಅಲ್ಲಿಗೆ ಹೋಗುವ ಮುಂಚೆ 5ರಿಂದ 10 ಮೀಟರ್‌ನ ಓಟ, ಥಟ್ಟನೆ ನಿಲ್ಲುವುದು, ತಿರುಗುವುದು, ಇಷ್ಟನ್ನು ಒಂದೆರಡು ವಾರ ಮಾಡಿ. ಗಟ್ಟಿ ನೆಲ ಮೀನಖಂಡ, ಮೊಣಕಾಲಿನ ಕೆಳಗಿನ ಎಲುಬು, ತೊಡೆಸಂದಿಯನ್ನು ಹಿಡಿಯುತ್ತದೆ.

ಹೊರಗೆ ಹೋಗುವವರು ಅರ್ಧ ಗಂಟೆ ನಿಲ್ಲದೆ ಓಡುವ ಅಭ್ಯಾಸವನ್ನು ಮೂರು ವಾರ ಮುಂಚೆ ಶುರು ಮಾಡಿ. ಜೊತೆಗೆ 50-60 ಮೀಟರ್ ಉದ್ದದ ಓಟವನ್ನು ನಿಧಾನವಾಗಿ ಹೆಚ್ಚಿಸಿ. ತಿಂಗಳುಗಟ್ಟಲೆ ಹತ್ತು ಮೀಟರ್ ಮಾತ್ರ ಓಡಿದ ಕಾಲು ಮೊದಲ ಪಂದ್ಯದಲ್ಲಿ ಉದ್ದ ಪಾಸಿನ ಹಿಂದೆ ಪೂರ್ತಿ ವೇಗದಲ್ಲಿ ಹೋದರೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಳ್ಳುವ ಅಪಾಯ ಜಾಸ್ತಿ.

ಕೀಪರ್‌ಗಳಿಗೆ ಎರಡು ಮಾತು

ಒಳಗೆ ನೀವು ಹಿಡಿಯುವುದಕ್ಕಿಂತ ಅಡ್ಡ ಬರುವುದು ಮುಖ್ಯ. ಮುಂದೆ ಬಂದು, ಕಾಲು ಅಗಲಿಸಿ, ಒಂದು ಮಂಡಿ ಕೆಳಗಿಟ್ಟು, ಕೈ ಚಾಚಿ ಜಾಗ ಮುಚ್ಚಿ. ನಿಮ್ಮ ಅರ್ಧದಲ್ಲಿ ಬಾಲ್ 4 ಸೆಕೆಂಡಿಗಿಂತ ಜಾಸ್ತಿ ನಿಮ್ಮ ಬಳಿ ಇರುವ ಹಾಗಿಲ್ಲ. ಒಮ್ಮೆ ಕೊಟ್ಟ ಮೇಲೆ ಎದುರಾಳಿ ಮುಟ್ಟದೆ ಅದು ಮತ್ತೆ ಅಲ್ಲೇ ನಿಮಗೆ ಬರಬಾರದು. ಹೊರಗೆ ಬದಿಯಿಂದ ಬರುವ ಎತ್ತರದ ಪಾಸ್ (ಕ್ರಾಸ್) ಹಿಡಿಯುವುದು, ಡಿಫೆನ್ಸ್ ಮುಂದೆ ಹೋದಾಗ ನೀವೂ ಗೆರೆ ಬಿಟ್ಟು ಮುಂದೆ ಬರುವುದು, ಇವೆರಡೇ ಮೊದಲು ಸರಿಮಾಡಿಕೊಳ್ಳಿ. 2025ರ ನಿಯಮ ಬದಲಾವಣೆಯಿಂದ ಅಲ್ಲೂ ಬಾಲನ್ನು ಕೈಯಲ್ಲಿ 8 ಸೆಕೆಂಡಿಗಿಂತ ಜಾಸ್ತಿ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಹವ್ಯಾಸಿ ಪಂದ್ಯದಲ್ಲಿ ರೆಫರಿ ಇದನ್ನು ಎಣಿಸುತ್ತಾರಾ ಅಂತ ಮೊದಲೇ ಕೇಳಿಕೊಂಡರೆ ಒಳ್ಳೆಯದು.