ಮೊಬೈಲ್ ಗೇಮ್ ವಿಮರ್ಶೆ: ಮೂರನೆಯ ವಾರದವರೆಗೆ ಕಾಯುವುದನ್ನು ಕಲಿತ ಬಗೆ

ಮೊಬೈಲ್ ಗೇಮ್‌ಗಳ ವಿಮರ್ಶೆ ಬರೆಯಲು ತೊಡಗಿದ ಮೊದಲ ವರ್ಷದಲ್ಲಿ, ಊರು ಕಟ್ಟುವ ಒಂದು ಆಟಕ್ಕೆ ಐದರಲ್ಲಿ ನಾಲ್ಕೂವರೆ ಅಂಕ ಕೊಟ್ಟಿದ್ದೆ. ಆಡಿದ್ದು ಎರಡೇ ದಿನ. ಚಿತ್ರಗಳು ಚೆನ್ನಾಗಿದ್ದವು, ಹಿನ್ನೆಲೆ ಸಂಗೀತ ಹಿತವಾಗಿತ್ತು, ಬೆರಳಿಟ್ಟಲ್ಲೆಲ್ಲ ಏನಾದರೊಂದು ಬಹುಮಾನ ಸಿಗುತ್ತಿತ್ತು. ಅಷ್ಟನ್ನೇ ಹಿಗ್ಗಿಸಿ ಆರುನೂರು ಪದಗಳ ಲೇಖನ ಮಾಡಿದೆ. ಮೂರು ವಾರ ಕಳೆದ ಮೇಲೆ ಓದುಗರೊಬ್ಬರು ಒಂದೇ ಸಾಲಿನಲ್ಲಿ ಕೇಳಿದರು: ‘ತಾವು ಒಂಬತ್ತನೆಯ ಲೆವೆಲ್ ದಾಟಿದ್ದೀರಾ?’ ದಾಟಿರಲಿಲ್ಲ. ಆ ದಿನವೇ ಆಟವನ್ನು ಮತ್ತೆ ತೆರೆದು ಮುಂದುವರಿಸಿದೆ. ಮೊದಲ ದಿನ ಐದು ನಿಮಿಷಕ್ಕೆ ಎದ್ದು ನಿಲ್ಲುತ್ತಿದ್ದ ಕಟ್ಟಡ ಒಂಬತ್ತನೆಯ ಲೆವೆಲಿಗೆ ಬರುವಷ್ಟರಲ್ಲಿ ಹದಿನಾಲ್ಕು ಗಂಟೆ ಬೇಡುತ್ತಿತ್ತು, ಹತ್ತನೆಯದಕ್ಕೆ ಎರಡು ದಿನ. ಕಾಯಲು ಮನಸ್ಸಿಲ್ಲದವರಿಗಾಗಿ ಪರದೆಯ ಮೂಲೆಯಲ್ಲಿ ಹಸಿರು ರತ್ನಗಳ ಅಂಗಡಿ ಮಿನುಗುತ್ತಿತ್ತು. ನಾನು ಹೆಬ್ಬಾಗಿಲನ್ನು ನೋಡಿ ಮನೆಯ ಬಗ್ಗೆ ಬರೆದಿದ್ದೆ.

ಹಣ ಕೊಟ್ಟು ಒಮ್ಮೆಗೇ ಕೊಳ್ಳುವ ಆಟಗಳಲ್ಲಿ ಈ ತೊಂದರೆ ಅಷ್ಟಾಗಿ ಇಲ್ಲ. 2014ರಲ್ಲಿ ಬಂದ ಮಾನ್ಯುಮೆಂಟ್ ವ್ಯಾಲಿಯಲ್ಲಿ ಇದ್ದದ್ದು ಹತ್ತು ಅಧ್ಯಾಯಗಳು. ಒಂದು ಸಂಜೆ ಕೂತರೆ ಆಟ ಮುಗಿಯುತ್ತದೆ, ಮರುದಿನ ವಿಮರ್ಶೆಯೂ ಮುಗಿಯುತ್ತದೆ. ಉಚಿತವಾಗಿ ಸಿಗುವ ಆಟದ ಲೆಕ್ಕಾಚಾರವೇ ಬೇರೆ. 2012ರ ಕ್ಯಾಂಡಿ ಕ್ರಶ್ ಸಾಗಾ ಎಲ್ಲರಿಗೂ ಪರಿಚಿತವಾಗಿಸಿದ ಏರ್ಪಾಟನ್ನೇ ನೋಡಿ: ಆಟಗಾರನಿಗೆ ಐದು ಜೀವಗಳು, ಕಳೆದುಕೊಂಡ ಒಂದೊಂದು ಜೀವ ಮರಳಿ ಬರಲು ಅರ್ಧ ಗಂಟೆ. ಆರಂಭದ ಲೆವೆಲ್‌ಗಳಲ್ಲಿ ಜೀವ ಕಳೆದುಕೊಳ್ಳುವುದೇ ಕಷ್ಟ, ಆದ್ದರಿಂದ ಹಾಗೊಂದು ಮಿತಿ ಇದೆಯೆಂಬುದೇ ಹೊಸಬನ ಗಮನಕ್ಕೆ ಬರುವುದಿಲ್ಲ. ಇಂತಹ ಆಟಗಳು ಆಟಗಾರ ಎಷ್ಟು ದಿನ ಉಳಿಯುತ್ತಾನೆ, ಯಾವ ದಿನ ಮೊದಲ ಖರೀದಿ ಮಾಡುತ್ತಾನೆ ಎಂಬುದನ್ನು ಅಳೆದೇ ರೂಪುಗೊಂಡಿರುತ್ತವೆ. ಹಾಗಿರುವಾಗ ಅವುಗಳನ್ನು ಅಳೆಯಲು ಹೊರಟವನು ಮೊದಲ ಎರಡು ದಿನಕ್ಕೇ ತೃಪ್ತನಾದರೆ ಅದು ಬರೀ ಆರಂಭಶೂರತ್ವ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಮೊದಲ ಸಲ ಆಡುವಾಗ ಏನನ್ನೂ ಬರೆಯುವುದಿಲ್ಲ, ಏಕೆಂದರೆ ಪೆನ್ನು ಹಿಡಿದು ಆಡಿದರೆ ಆಟ ಆಟವಾಗಿ ಉಳಿಯುವುದಿಲ್ಲ. ಅನಂತರ ಒಂದನೆಯ, ಏಳನೆಯ ಮತ್ತು ಇಪ್ಪತ್ತೊಂದನೆಯ ದಿನ ತಪ್ಪದೆ ಟಿಪ್ಪಣಿ ಮಾಡುತ್ತೇನೆ. ನಡುವಿನ ದಿನಗಳಲ್ಲಿ ಮನಸ್ಸಾದರೆ ಮಾತ್ರ ಆಡುತ್ತೇನೆ, ಮನಸ್ಸಾಗದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳುತ್ತೇನೆ. ಒಂದು ಆಟದ ಬಗ್ಗೆ ಬರೆದಿಟ್ಟ ಟಿಪ್ಪಣಿ ಹೀಗಿದೆ: ‘ದಿನ 7, ಲೆವೆಲ್ 23, ಆವೃತ್ತಿ 1.4.2. ಬೆಳಿಗ್ಗೆ ತೆರೆದೆ, 6 ನಿಮಿಷದಲ್ಲಿ ಮಾಡಲು ಏನೂ ಉಳಿಯಲಿಲ್ಲ. ಮುಖಪುಟದಲ್ಲಿ 4 ಕೆಂಪು ಚುಕ್ಕೆ. ಅವುಗಳಲ್ಲಿ 3 ಒಯ್ಯುವುದು ಅಂಗಡಿಗೆ.’ ‘ಇಲ್ಲಿ ಒತ್ತಿ’ ಎಂದು ಗಮನ ಸೆಳೆಯುವ ಆ ಕೆಂಪು ಚುಕ್ಕೆಗಳನ್ನು ಎಣಿಸುವ ಅಭ್ಯಾಸ ಬೆಳೆಸಿಕೊಂಡ ಮೇಲೆ ವಿಮರ್ಶೆಯ ಅರ್ಧ ಕೆಲಸ ಹಗುರವಾಯಿತು. ಆಟ ನಮ್ಮನ್ನು ಯಾವ ಕಡೆಗೆ ಕರೆಯುತ್ತಿದೆ, ಮುಂದಿನ ಲೆವೆಲಿಗೋ ಗಲ್ಲಾಪೆಟ್ಟಿಗೆಗೋ ಎಂಬುದು ಚುಕ್ಕೆಗಳ ಲೆಕ್ಕದಲ್ಲೇ ತಿಳಿಯುತ್ತದೆ.

ಹಣದ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಮೊದಲ ಹತ್ತು ದಿನ ಒಂದು ಕಾಸನ್ನೂ ಖರ್ಚು ಮಾಡುವುದಿಲ್ಲ. ಹನ್ನೊಂದನೆಯ ದಿನ ಅಂಗಡಿಯಲ್ಲಿರುವ ಅತ್ಯಂತ ಚಿಕ್ಕ ಕಂತೆಯನ್ನು ಕೊಂಡು, ಅದರಿಂದ ಆಟದಲ್ಲಿ ಆದ ಬದಲಾವಣೆಯನ್ನು ನೋಡುತ್ತೇನೆ. ಎಷ್ಟೋ ಆಟಗಳಲ್ಲಿ ಆ ಚಿಕ್ಕ ಖರೀದಿಯಾದ ಕೂಡಲೇ ಎರಡು ದಿನ ಎಲ್ಲವೂ ಸರಾಗವಾಗಿ ನಡೆದು, ಮೂರನೆಯ ದಿನ ಮೊದಲಿಗಿಂತ ದೊಡ್ಡ ಕಂತೆ ‘ಇಂದು ಮಾತ್ರ’ ಎಂಬ ಫಲಕದೊಡನೆ ಎದುರಾಗುತ್ತದೆ. ಇನ್ನು ಗಾಚಾ ಪದ್ಧತಿಯ ಆಟಗಳು, ಎಂದರೆ ಹಣ ತೆತ್ತು ಚೀಟಿ ಎತ್ತಿದಂತೆ ಪಾತ್ರಗಳನ್ನೋ ಆಯುಧಗಳನ್ನೋ ಪಡೆಯುವಂಥವು. ಇಲ್ಲಿ ಓದುಗರಿಗೆ ಗಣಿತವನ್ನು ಬಿಡಿಸಿ ಹೇಳುವುದು ವಿಮರ್ಶಕನ ಕರ್ತವ್ಯವೆಂದು ಭಾವಿಸಿದ್ದೇನೆ. ಶೇಕಡಾ 1 ಸಾಧ್ಯತೆ ಎಂದರೆ ನೂರು ಸಲ ಎತ್ತಿದರೆ ಒಂದಾದರೂ ಬಂದೇ ಬರುತ್ತದೆ ಎಂದು ಬಹಳ ಜನ ತಿಳಿಯುತ್ತಾರೆ. ವಾಸ್ತವದಲ್ಲಿ ನೂರು ಸಲ ಎತ್ತಿದವರಲ್ಲಿ ನೂರಕ್ಕೆ ಸುಮಾರು 37 ಮಂದಿ ಬರಿಗೈಯಲ್ಲೇ ಉಳಿಯುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಗೆನ್ಶಿನ್ ಇಂಪ್ಯಾಕ್ಟ್‌ನಲ್ಲಿ ಐದು ನಕ್ಷತ್ರದ, ಎಂದರೆ ಅತ್ಯಂತ ಅಪರೂಪದ ದರ್ಜೆಯ, ಪಾತ್ರ ಸಿಗುವ ಮೂಲ ಸಾಧ್ಯತೆ ಶೇಕಡಾ 0.6, ಆದರೆ 90ನೆಯ ಸಲಕ್ಕೆ ಐದು ನಕ್ಷತ್ರದ್ದೊಂದು ಖಚಿತ. ಆ ಎರಡನೆಯ ಸಂಖ್ಯೆಯನ್ನು ಬಿಟ್ಟು ಮೊದಲನೆಯದನ್ನಷ್ಟೇ ಬರೆದರೂ ತಪ್ಪು, ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಬರೆದರೂ ತಪ್ಪು. ಹೀಗೆ ಚೀಟಿ ಎತ್ತುವ ಏರ್ಪಾಟುಗಳಲ್ಲಿ ಯಾವುದು ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಖರೀದಿಗೆ ಮುಂಚೆಯೇ ತಿಳಿಸಬೇಕೆಂದು ಆ್ಯಪಲ್ ತನ್ನ ನಿಯಮಾವಳಿಯಲ್ಲಿ ಸೇರಿಸಿದ್ದು 2017ರ ಡಿಸೆಂಬರ್‌ನಲ್ಲಿ. ಆ ಪಟ್ಟಿ ಆಟದೊಳಗೆ ಎಷ್ಟು ಸಲ ಬೆರಳೊತ್ತಿದ ಮೇಲೆ ತೆರೆದುಕೊಳ್ಳುತ್ತದೆ ಎಂಬುದನ್ನೂ ನಾನು ಎಣಿಸಿ ಬರೆಯುತ್ತೇನೆ. ಒಂದರಲ್ಲಿ ಐದು ಸಲ ಒತ್ತಬೇಕಾಯಿತು.

ಜಾಹೀರಾತುಗಳನ್ನು ಗಡಿಯಾರ ಹಿಡಿದೇ ಅಳೆಯುತ್ತೇನೆ. ಬಣ್ಣದ ನೀರನ್ನು ಸೀಸೆಗಳಲ್ಲಿ ವಿಂಗಡಿಸುವ ಒಂದು ಆಟವನ್ನು ಅರ್ಧ ಗಂಟೆ ಆಡಿದಾಗ ಹನ್ನೊಂದು ಜಾಹೀರಾತುಗಳು ಬಂದವು, ಒಟ್ಟು ಐದು ನಿಮಿಷ ನಲವತ್ತು ಸೆಕೆಂಡ್. ಅವುಗಳಲ್ಲಿ ಮೂರರಲ್ಲಿ ಮುಚ್ಚುವ ಗುರುತು ಎಷ್ಟು ಚಿಕ್ಕದಿತ್ತೆಂದರೆ ನನ್ನ ಹೆಬ್ಬೆರಳು ಪ್ರತಿ ಸಲವೂ ಅದನ್ನು ತಪ್ಪಿ ಸ್ಟೋರಿನ ಪುಟವನ್ನೇ ತೆರೆಯಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2022ರ ಡಿಸೆಂಬರ್‌ನಲ್ಲಿ ಮೊಬೈಲಿಗೆ ಬಂದ ವ್ಯಾಂಪೈರ್ ಸರ್ವೈವರ್ಸ್‌ನಲ್ಲಿ ಜಾಹೀರಾತು ನೋಡುವುದು ಬಿಡುವುದು ಪೂರ್ತಿಯಾಗಿ ಆಟಗಾರನ ಇಚ್ಛೆ. ಸತ್ತ ಮೇಲೆ ಮತ್ತೆ ಎದ್ದು ಬರಬೇಕೆಂದರೆ ನೋಡಬಹುದು, ಬೇಡವೆಂದರೆ ಒಂದನ್ನೂ ನೋಡದೆ ಆಡಬಹುದು. ಆಟದ ಒಳಗಿನ ಜಾಹೀರಾತುಗಳ ಜೊತೆಗೆ ಆಟದ ಬಗೆಗಿನ ಜಾಹೀರಾತುಗಳನ್ನೂ ನೋಡಬೇಕಾಗುತ್ತದೆ. ಮೊಳೆ ಎಳೆದು ಬೆಂಕಿಯಿಂದ ಪಾರಾಗುವ ಒಗಟನ್ನು ತೋರಿಸಿ, ಒಳಗೆ ಒಂದೇ ಬಗೆಯ ಮೂರನ್ನು ಜೋಡಿಸುವ ಆಟವನ್ನು ಕೊಡುತ್ತಿದ್ದ ಹೋಮ್‌ಸ್ಕೇಪ್ಸ್ ಮತ್ತು ಗಾರ್ಡನ್‌ಸ್ಕೇಪ್ಸ್‌ಗಳ ಅಂಥ ಜಾಹೀರಾತುಗಳು ದಾರಿ ತಪ್ಪಿಸುವಂಥವೆಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2020ರಲ್ಲಿ ತೀರ್ಪಿತ್ತಿತು. ಹೀಗಾಗಿ ನನ್ನ ಪ್ರತಿ ವಿಮರ್ಶೆಯಲ್ಲೂ ‘ಜಾಹೀರಾತಿನಲ್ಲಿ ಕಂಡ ಆಟ ಒಳಗಿದೆಯೇ’ ಎಂಬ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಇದ್ದೇ ಇರುತ್ತದೆ.

ಫೋನಿನ ಮೇಲಿನ ಪರೀಕ್ಷೆಗಳ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಹೊಸ ದುಬಾರಿ ಫೋನಿನಲ್ಲಿ ಎಲ್ಲ ಆಟಗಳೂ ಚೆನ್ನಾಗಿಯೇ ಓಡುತ್ತವೆ. ಓದುಗರ ಕೈಯಲ್ಲಿರುವುದು ಹೆಚ್ಚಾಗಿ ಮೂರ್ನಾಲ್ಕು ವರ್ಷ ಹಳೆಯ ಮಧ್ಯಮ ದರ್ಜೆಯ ಫೋನು, ಆದ್ದರಿಂದ ನಾನೂ ಅಂಥದ್ದರಲ್ಲೇ ಆಡುತ್ತೇನೆ. ಪರದೆಯ ಬೆಳಕನ್ನು ಅರ್ಧಕ್ಕಿಟ್ಟು ಅರ್ಧ ಗಂಟೆ ಆಡಿ, ಬ್ಯಾಟರಿ ಶೇಕಡಾ ಎಷ್ಟು ಇಳಿಯಿತೆಂದು ಬರೆದುಕೊಳ್ಳುತ್ತೇನೆ. ಸೆಕೆಂಡಿಗೆ 60 ಫ್ರೇಮ್, ಎಂದರೆ 60 ಬಿಡಿ ಚಿತ್ರಗಳನ್ನು, ತೋರಿಸಬೇಕಾದರೆ ಒಂದೊಂದು ಫ್ರೇಮನ್ನು ಸಿದ್ಧಪಡಿಸಲು ಫೋನಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್, ಫೋನು ಬಿಸಿಯಾದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ಮೊದಲ ಹತ್ತು ನಿಮಿಷ ನೀರಿನಂತೆ ಹರಿದ ಆಟ ಇಪ್ಪತ್ತನೆಯ ನಿಮಿಷಕ್ಕೆ ತಡವರಿಸತೊಡಗುತ್ತದೆ. ಹತ್ತು ನಿಮಿಷ ಆಡಿ ‘ಎಲ್ಲೂ ಲ್ಯಾಗ್ ಇಲ್ಲ’ ಎಂದು ಬರೆಯುವುದು ಈ ಕಾರಣಕ್ಕೇ ಅಪಾಯ. ನಡುವೆ ಯಾರಿಂದಲಾದರೂ ಕರೆ ಮಾಡಿಸಿ, ಕರೆ ಮುಗಿದ ಮೇಲೆ ಆಟ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆಯೋ ಮೊದಲಿನಿಂದ ಶುರುವಾಗುತ್ತದೆಯೋ ನೋಡುತ್ತೇನೆ. ಇಂಟರ್ನೆಟ್ ಕಿತ್ತು ನೋಡುತ್ತೇನೆ. 2016ರ ಸೂಪರ್ ಮಾರಿಯೋ ರನ್ ಒಬ್ಬರೇ ಆಡುವ ಆಟವಾಗಿದ್ದರೂ ಸದಾ ಇಂಟರ್ನೆಟ್ ಬೇಡುತ್ತಿತ್ತು, ಪ್ರಯಾಣದಲ್ಲಿ ಆಡಬಯಸಿದವರಿಗೆ ಬೇರೆಲ್ಲಕ್ಕಿಂತ ಈ ಒಂದು ಸಂಗತಿ ಮುಖ್ಯವಾಗಿತ್ತು.

ಆಟಗಳ ಸುದ್ದಿ ಬರೆಯುವುದು ವಿಮರ್ಶೆಗಿಂತ ಸುಲಭವೆಂದು ಭಾವಿಸಿದ್ದೆ. ಅಲ್ಲಿಯೂ ಒಮ್ಮೆ ಕೈ ಸುಟ್ಟುಕೊಂಡೆ. ಸ್ಟೋರಿನಲ್ಲಿ ಮುಂಗಡ ನೋಂದಣಿಗೆ ತೆರೆದಿದ್ದ ಒಂದು ಆಟದ ಪುಟದಲ್ಲಿ ಕಂಡ ದಿನಾಂಕವನ್ನೇ ಬಿಡುಗಡೆಯ ದಿನವೆಂದು ಬರೆದೆ. ಅದು ಜಾಗ ತುಂಬಲು ಹಾಕಿದ ದಿನಾಂಕವಾಗಿತ್ತು, ಆಟ ಬಂದದ್ದು ನಾಲ್ಕು ತಿಂಗಳು ತಡವಾಗಿ. ಈಗ ಘೋಷಣೆ, ಮುಂಗಡ ನೋಂದಣಿ, ಕೆಲವೇ ದೇಶಗಳಲ್ಲಿ ಪ್ರಯೋಗಕ್ಕೆ ಬಿಡುವ ಸಾಫ್ಟ್ ಲಾಂಚ್ ಮತ್ತು ಎಲ್ಲೆಡೆಯ ಬಿಡುಗಡೆ ಈ ನಾಲ್ಕನ್ನೂ ಬೇರೆ ಬೇರೆ ಪದಗಳಲ್ಲೇ ಬರೆಯುತ್ತೇನೆ. ‘ಹಿಂದೆಂದೂ ಕಾಣದ ಕಲ್ಪನೆ’ ಎಂದು ಪ್ರೆಸ್ ನೋಟ್ ಹೇಳಿದಾಗ ಆ ಕಲ್ಪನೆಯ ವಂಶಾವಳಿಯನ್ನು ಕೆದಕುತ್ತೇನೆ. 2014ರ ಮಾರ್ಚ್‌ನಲ್ಲಿ 2048 ಎಂಬ ಆಟ ಎಲ್ಲರ ಕೈಯಲ್ಲಿ ಕುಣಿಯುತ್ತಿದ್ದಾಗ, ಅದೇ ವರ್ಷದ ಫೆಬ್ರುವರಿಯಲ್ಲಿ ಬಂದಿದ್ದ ಅದೇ ಬಗೆಯ ಥ್ರೀಸ್ ಎಂಬ ಆಟವನ್ನು ನೆನೆದವರು ಕಡಿಮೆ. ಸುದ್ದಿ ಬರೆಯುವವನಾದರೂ ನೆನೆಯಬೇಕಲ್ಲವೇ?

ವಿಮರ್ಶಕರಿಗೆಂದೇ ತಯಾರಕರು ಕಳುಹಿಸುವ ಖಾತೆಗಳ ಬಗ್ಗೆ ಓದುಗರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ನನಗೆ ಬಂದ ಮೊದಲ ಖಾತೆಯಲ್ಲಿ ಐವತ್ತು ಸಾವಿರ ರತ್ನಗಳು ತುಂಬಿದ್ದವು, ಎಲ್ಲ ಪಾತ್ರಗಳೂ ತೆರೆದಿದ್ದವು. ಅದು ಲಂಚವೇನಲ್ಲ, ಮುಂದಿನ ಲೆವೆಲ್‌ಗಳನ್ನು ಬೇಗ ನೋಡಲಿ ಎಂಬ ಅನುಕೂಲವಷ್ಟೇ; ಆದರೆ ಕಿಸೆ ತುಂಬಿದವನಿಗೆ ಬೆಲೆಯ ಬಿಸಿ ತಟ್ಟುವುದಿಲ್ಲ. ಆ ಖಾತೆಯಲ್ಲಿ ಮುಂದಿನ ಲೆವೆಲ್‌ಗಳ ವಿನ್ಯಾಸವನ್ನು ಮಾತ್ರ ನೋಡಿ, ಮತ್ತೊಂದು ಫೋನಿನಲ್ಲಿ ಬರಿಗೈಯಿಂದ ಹೊಸ ಖಾತೆ ತೆರೆದು ಆಡುತ್ತೇನೆ. ವಿಮರ್ಶೆ ಪ್ರಕಟಿಸಬಾರದ ಗಡುವು ಮುಗಿದ ದಿನವೇ ಉಳಿದವರ ಲೇಖನಗಳು ಬರುತ್ತವೆ, ನನ್ನದು ಎರಡು ವಾರ ಹಿಂದೆ ಬೀಳುತ್ತದೆ. ಇದರಿಂದ ಓದುಗರು ಕಡಿಮೆಯಾಗಿದ್ದಾರೆ, ನಿಜ.

ಬರವಣಿಗೆಯಲ್ಲಿ ಎರಡು ಪದಗಳನ್ನು ನಾನೇ ನಿಷೇಧಿಸಿಕೊಂಡಿದ್ದೇನೆ: ‘ಅದ್ಭುತ’ ಮತ್ತು ‘ಮಜವಾಗಿದೆ’. ಅವನ್ನು ಬಿಟ್ಟ ಮೇಲೆ ಆಟದಲ್ಲಿ ನಡೆಯುವುದನ್ನೇ ವರ್ಣಿಸದೆ ಗತ್ಯಂತರವಿಲ್ಲ. ಒಂದೇ ಲೆವೆಲನ್ನು ಬಹುಮಾನಕ್ಕಾಗಿ ಮತ್ತೆ ಮತ್ತೆ ಆಡಿಸುವುದಕ್ಕೆ ಆಟಗಾರರು ಗ್ರೈಂಡ್ ಎನ್ನುತ್ತಾರೆ. ನಾನು ಗಾಣದೆತ್ತಿನ ಸುತ್ತು ಎಂದು ಬರೆದ ದಿನ ಒಬ್ಬ ಓದುಗರು ಆಟದ ಬಗ್ಗೆ ಇನ್ನೇನೂ ಓದಬೇಕಾಗಿಲ್ಲ ಎಂದರು.

ಅಂಕ ಕೊಡುವುದನ್ನೂ ನಿಲ್ಲಿಸಿದೆ. ಸ್ಟೋರಿನ ನಕ್ಷತ್ರಗಳು ಎಷ್ಟು ಬೇಗ ಅರ್ಥ ಕಳೆದುಕೊಳ್ಳುತ್ತವೆ ಎಂಬುದನ್ನು 2014ರಲ್ಲೇ ಎರಡು ಬಗೆಯಲ್ಲಿ ಕಂಡಿದ್ದೇವೆ. ಡಂಜನ್ ಕೀಪರ್‌ನ ಆಂಡ್ರಾಯ್ಡ್ ಆವೃತ್ತಿಯಲ್ಲಿ ಐದು ನಕ್ಷತ್ರ ಒತ್ತಿದವರು ನೇರವಾಗಿ ಸ್ಟೋರಿಗೆ ಹೋಗುತ್ತಿದ್ದರು, ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಒತ್ತಿದವರಿಗೆ ಇಮೇಲ್ ಬರೆಯುವ ಸೂಚನೆ ಬರುತ್ತಿತ್ತು. ಅದೇ ವರ್ಷದ ಕೊನೆಯಲ್ಲಿ ಮಾನ್ಯುಮೆಂಟ್ ವ್ಯಾಲಿಗೆ ಹೊಸ ಅಧ್ಯಾಯಗಳು ಸೇರಿದಾಗ, ಅವುಗಳಿಗೆ ಪ್ರತ್ಯೇಕ ಹಣ ಕೇಳಿದರೆಂಬ ಒಂದೇ ಸಿಟ್ಟಿಗೆ ಹಲವರು ಒಂದೊಂದೇ ನಕ್ಷತ್ರ ಕೊಟ್ಟರು. ಆದ್ದರಿಂದ ಈಗ ಅಂಕದ ಜಾಗದಲ್ಲಿ ಈ ಆಟ ಯಾರಿಗೆ, ದಿನಕ್ಕೆ ಎಷ್ಟು ಹೊತ್ತಿನವರಿಗೆ, ಎಷ್ಟು ವಾರದ ಮಟ್ಟಿಗೆ ಎಂದು ಬರೆಯುತ್ತೇನೆ. ಅದರ ಕೆಳಗೆ ನಾನು ಆಡಿದ ಆವೃತ್ತಿಯ ಸಂಖ್ಯೆ ಮತ್ತು ದಿನಾಂಕಗಳು, ಏಕೆಂದರೆ ಒಂದು ಅಪ್‌ಡೇಟ್ ಬಂದರೆ ನಾನು ಬರೆದ ಆಟವೇ ಬೇರೆಯಾಗಿರಬಹುದು.

ಇಲ್ಲವೇ ಆಟವೇ ಇಲ್ಲವಾಗಬಹುದು. ಫ್ಲಾಪಿ ಬರ್ಡ್ ಅನ್ನು 2014ರ ಫೆಬ್ರುವರಿಯಲ್ಲಿ, ಜನಪ್ರಿಯತೆಯ ತುದಿಯಲ್ಲಿದ್ದಾಗಲೇ, ಅದನ್ನು ರಚಿಸಿದ ವಿಯೆಟ್ನಾಮಿನ ಡಾಂಗ್ ನ್ಗುಯೆನ್ ಸ್ಟೋರುಗಳಿಂದ ಹಿಂದೆಗೆದುಕೊಂಡರು. 2017ರಲ್ಲಿ ಐಫೋನಿನ ತಂತ್ರಾಂಶ ಐಒಎಸ್ 11 ಬಂದಾಗ, 32 ಬಿಟ್ ಪ್ರೊಸೆಸರ್‌ಗಳಿಗೆಂದು ಬರೆದಿದ್ದ ಹಳೆಯ ಆಟಗಳು ಒಟ್ಟೊಟ್ಟಿಗೆ ಓಡುವುದನ್ನೇ ನಿಲ್ಲಿಸಿದವು. ನಾನು ವಿಮರ್ಶೆ ಬರೆದಿದ್ದ ಏಳು ಆಟಗಳೂ ಅವುಗಳಲ್ಲಿದ್ದವು. ನಾಲ್ಕೂವರೆ ಅಂಕ ಪಡೆದಿದ್ದ ಆ ಊರು ಕಟ್ಟುವ ಆಟದ ಸರ್ವರ್ ಕೂಡ ಮುಚ್ಚಿ ವರ್ಷಗಳಾದವು. ಮೇಜಿನ ಖಾನೆಯಲ್ಲಿ ಒಂದು ಹಳೆಯ ಫೋನನ್ನು ಅಪ್‌ಡೇಟ್ ಮಾಡದೆ ಇಟ್ಟಿದ್ದೇನೆ. ಅದರ ಬ್ಯಾಟರಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಡೆಯುವುದಿಲ್ಲ, ಚಾರ್ಜರ್ ಚುಚ್ಚಿಕೊಂಡೇ ಆಡಬೇಕು. ಯಾವುದಾದರೂ ಹೊಸ ಆಟ ಹಳೆಯದೊಂದನ್ನು ನೆನಪಿಸಿದಾಗ ಅದನ್ನು ತೆಗೆದು, ಎರಡೂ ಫೋನುಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ಬರೆಯಲು ಕೂಡುತ್ತೇನೆ.